ದಾವಣಗೆರೆಯ ದುಡಿಮೆ: ಕಂಬಳಿಯಿಂದ ಮಂಡಕ್ಕಿಯವರೆಗೆ

ದಾವಣಗೆರೆ ಎಂದರೆ ಇಂದು ಎಲ್ಲರಿಗೂ ನೆನಪಾಗುವುದು ಬೆಣ್ಣೆದೋಸೆ. ನಮ್ಮ ಹಿರಿಯರ ಕಾಲದಲ್ಲಿ ಇದು ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿತ್ತು. ಈ ಎರಡು ಹೆಸರುಗಳ ನಡುವೆ ಸಾವಿರಾರು ಮನೆಗಳ ಅನ್ನದ ಚರಿತ್ರೆ ಇದೆ. ರಾಜರ, ಯುದ್ಧಗಳ ಪಾಠದಲ್ಲಿ ಅದಕ್ಕೆ ಹೆಚ್ಚು ಜಾಗ ಸಿಗುವುದಿಲ್ಲವಾದ್ದರಿಂದ ವಿದ್ಯಾರ್ಥಿ ಮಿತ್ರರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಹದಿನೆಂಟನೇ ಶತಮಾನದಲ್ಲಿ ಹೈದರ್ ಅಲಿ ಈ ಊರನ್ನು ಅಪೋಜಿರಾಮ್ ಎಂಬ ಮರಾಠ ಸರದಾರನಿಗೆ ಜಹಗೀರಾಗಿ ಕೊಟ್ಟನು. ಅವನು ವರ್ತಕರನ್ನು ಕರೆತಂದು ನೆಲೆಗೊಳಿಸಿದನು. ಅವನು ಸಂತಾನವಿಲ್ಲದೆ ತೀರಿಕೊಂಡ ಮೇಲೆ ಟಿಪ್ಪು ಸುಲ್ತಾನನೂ ಈ ಪೇಟೆಗೆ ಪ್ರೋತ್ಸಾಹ ಕೊಟ್ಟನು. ಮಲೆನಾಡಿನ ಅಡಿಕೆ, ಮೆಣಸು ಇಲ್ಲಿಂದ ವಾಲಾಜಾಪೇಟೆಗೆ ಹೋಗುತ್ತಿದ್ದವು. ಮದ್ರಾಸಿನ ಕಡೆಯ ಸರಕು, ಉಪ್ಪು ಇತ್ತ ಬರುತ್ತಿದ್ದವು. ಸುತ್ತಲಿನ ಹಳ್ಳಿಗಳ ಕಂಬಳಿಗೂ ಒಳ್ಳೆಯ ಹೆಸರಿತ್ತು. 1880ರ ದಶಕದ ಕೊನೆಯಲ್ಲಿ ರೈಲು ಬಂದಿತು. ಆಗಿನ ನೌಕರಿ ಎಂದರೆ ಅಂಗಡಿಯ ಗುಮಾಸ್ತಿಕೆ, ಗಾಡಿ ಹೊಡೆಯುವುದು, ಹಮಾಲಿ, ಇಷ್ಟೇ.

ಊರಿನ ದುಡಿಮೆಯ ಸ್ವರೂಪವನ್ನೇ ಬದಲಿಸಿದ್ದು ಹತ್ತಿ ಗಿರಣಿಗಳು. ಸುತ್ತಲಿನ ಎರೆಭೂಮಿಯಲ್ಲಿ ಹತ್ತಿ ಬೆಳೆಯುತ್ತಿತ್ತು. 1930ರ ದಶಕದಿಂದ ಆರಂಭವಾಗಿ ಕಾಟನ್ ಮಿಲ್, ಶಂಕರ್, ಚಂದ್ರೋದಯ, ಆಂಜನೇಯ ಎಂದು ಗಿರಣಿಗಳು ಒಂದೊಂದಾಗಿ ಎದ್ದವು. ಮಿಲ್ಲಿನ ಸೈರನ್ನೇ ಊರಿಗೆ ಗಡಿಯಾರ. ಮೂರು ಪಾಳಿಯಲ್ಲಿ ಎಲ್ಲ ಜಾತಿ ಧರ್ಮದವರೂ ಒಂದೇ ಗೇಟಿನಿಂದ ಒಳಗೆ ಹೋಗುತ್ತಿದ್ದರು. ಸಂಬಳ ದೊಡ್ಡದೇನಲ್ಲ. ಆದರೆ ಕಾರ್ಮಿಕನ ಹೆಸರು ಹಾಜರಿ ಪುಸ್ತಕದಲ್ಲಿತ್ತು. 1948ರ ಇ.ಎಸ್.ಐ. ಕಾಯ್ದೆ, 1952ರ ಭವಿಷ್ಯನಿಧಿ ಕಾಯ್ದೆಗಳು ಬಂದ ಮೇಲೆ ಕಾಯಿಲೆಗೆ ಆಸ್ಪತ್ರೆ, ಮುಪ್ಪಿಗೆ ನಾಲ್ಕು ಕಾಸು ಎಂಬ ಧೈರ್ಯ ಹುಟ್ಟಿತು. ಮಗಳ ನಿಕಾಹ್‌ಗೆ ಪಿ.ಎಫ್. ಸಾಲ ತೆಗೆದ ಕಥೆಯನ್ನು ನಮ್ಮ ಮೊಹಲ್ಲಾಗಳ ಹಿರಿಯರು ಈಗಲೂ ಹೇಳುತ್ತಾರೆ. ಸಂಘಟನೆಯೂ ಬಲವಾಗಿತ್ತು. ಕಾರ್ಮಿಕ ನಾಯಕ ಪಂಪಾಪತಿಯವರು ಕಮ್ಯುನಿಸ್ಟ್ ಪಕ್ಷದಿಂದ 1978, 1983, 1985ರಲ್ಲಿ ಶಾಸಕರಾಗಿ ಗೆದ್ದದ್ದು ಆ ಬಲದಿಂದಲೇ.

ಹಳೆಯ ಯಂತ್ರಗಳು, ಪವರ್‌ಲೂಮಿನ ಅಗ್ಗದ ಬಟ್ಟೆ, ಪಾಲಿಯೆಸ್ಟರ್, ಏರಿದ ಸಾಲ ಎಲ್ಲ ಸೇರಿ ಗಿರಣಿಗಳು ಒಂದರ ಹಿಂದೆ ಒಂದು ಮುಚ್ಚಿದವು. ಮಿಲ್ಲಿನ ಹೆಸರು ಈಗ ಡಿ.ಸಿ.ಎಂ. ಟೌನ್‌ಶಿಪ್ ಎಂಬ ಬಡಾವಣೆಯ ಬೋರ್ಡಿನಲ್ಲಿ ಉಳಿದಿದೆ.

ಭದ್ರಾ ನಾಲೆಯ ನೀರು ಅಷ್ಟರಲ್ಲಿ ಭತ್ತ ತಂದಿತ್ತು. ಭತ್ತದ ಬೆನ್ನಿಗೆ ಮಂಡಕ್ಕಿ ಭಟ್ಟಿಗಳು ಬೆಳೆದವು, ಅಲ್ಲಿ ದುಡಿಯುವವರಲ್ಲಿ ನಮ್ಮವರೇ ಹೆಚ್ಚು. ಭತ್ತವನ್ನು ನೆನೆಸಿ, ಬೇಯಿಸಿ, ಒಣಗಿಸಿ, ಅಕ್ಕಿ ಮಾಡಿ, ಉಪ್ಪುನೀರು ಬೆರೆಸಿ, ಕಾದ ಮರಳಿನಲ್ಲಿ ಹುರಿಯಬೇಕು. ನಸುಕಿನಲ್ಲೇ ಒಲೆ ಹೊತ್ತುತ್ತದೆ. ಹೊಗೆ, ಬೂದಿ, ಬೆಂಕಿಯ ಝಳ. ಕೂಲಿ ಚೀಲದ ಲೆಕ್ಕದಲ್ಲಿ. ಮನೆಯಲ್ಲಿ ಹೆಂಗಸರು ಬೀಡಿ ಕಟ್ಟುತ್ತಾರೆ, ಅದು ಸಾವಿರದ ಲೆಕ್ಕದಲ್ಲಿ. ಗಿರಣಿಗೂ ಭಟ್ಟಿಗೂ ಇರುವ ದೊಡ್ಡ ಅಂತರ ಕೂಲಿಯದಲ್ಲ, ಹಾಜರಿ ಪುಸ್ತಕದ್ದು ಎಂಬುದು ನನ್ನ ಅಭಿಪ್ರಾಯ. ಇಪ್ಪತ್ತು ವರ್ಷ ಹುರಿದವನ ಬಳಿ ತಾನು ದುಡಿದೆ ಎನ್ನಲು ಒಂದು ಚೀಟಿಯೂ ಇರುವುದಿಲ್ಲ.

ಇದೇ ಊರಿನ ಇನ್ನೊಂದು ಮುಖ ಶಿಕ್ಷಣ. 1951ರಲ್ಲಿ ಇಂಜಿನಿಯರಿಂಗ್ ಕಾಲೇಜು, 1958ರಲ್ಲಿ ಬಾಪೂಜಿ ವಿದ್ಯಾಸಂಸ್ಥೆ, 1965ರಲ್ಲಿ ವೈದ್ಯಕೀಯ ಕಾಲೇಜು, 2009ರಲ್ಲಿ ವಿಶ್ವವಿದ್ಯಾಲಯ. ಹೊರಗಿನಿಂದ ಬಂದ ವಿದ್ಯಾರ್ಥಿಗಳಿಂದ ಬಾಡಿಗೆ ಕೋಣೆ, ಮೆಸ್, ಝೆರಾಕ್ಸ್ ಅಂಗಡಿ, ಆಟೋ ನಡೆಯುತ್ತಿವೆ. ನಮ್ಮ ಹುಡುಗರಿಗೆ ಈ ಕಾಲೇಜುಗಳು ಕೊಟ್ಟ ಕೆಲಸ ಹೆಚ್ಚಾಗಿ ಗೇಟಿನ ಹೊರಗಿನದು. ಒಳಗಿನ ಲ್ಯಾಬ್ ಸಹಾಯಕ, ನರ್ಸ್, ಗುಮಾಸ್ತ ಹುದ್ದೆಗಳಿಗೆ ಎಸ್.ಎಸ್.ಎಲ್.ಸಿ., ಪಿ.ಯು.ಸಿ. ಅಥವಾ ಡಿಪ್ಲೊಮಾ ಬೇಕು, ಕನ್ನಡದಲ್ಲಿ ತಪ್ಪಿಲ್ಲದೆ ಅರ್ಜಿ ಬರೆಯಲು ಬರಬೇಕು. ಉರ್ದು ಮಾಧ್ಯಮದ ಮಗು ಬುದ್ಧಿಯಲ್ಲಿ ಹಿಂದಿಲ್ಲ, ಆದರೆ ಅದು ಎಡವುವುದು ಈ ಅರ್ಜಿಯ ಮುಂದೆಯೇ.

ಬೆಂಗಳೂರಿಗೆ ರೈಲು ಹತ್ತಿದವರೂ ಬಹಳ. ಅಲ್ಲಿ ಸಂಬಳ ಹೆಚ್ಚು, ಬಾಡಿಗೆ ಅದಕ್ಕಿಂತ ಹೆಚ್ಚು. ಹಬ್ಬಕ್ಕೆ ಬಂದಾಗ ಲೆಕ್ಕ ಹಾಕಿ, ಇಲ್ಲೇ ಸ್ವಂತ ಗ್ಯಾರೇಜು ಹಾಕಿಕೊಂಡವರನ್ನೂ ಕಂಡಿದ್ದೇನೆ.

ಶಾಲೆಯ ಹಾಜರಿ ಪುಸ್ತಕ ಮಾತ್ರ ನನಗೆ ಪ್ರತಿವರ್ಷ ಒಂದೇ ಸಂಗತಿ ತೋರಿಸುತ್ತದೆ. ಬೇಸಿಗೆ ಹತ್ತಿರವಾದಂತೆ ಭತ್ತ ಬೇಗ ಒಣಗುತ್ತದೆ, ಭಟ್ಟಿಗೆ ಕೈಗಳು ಬೇಕಾಗುತ್ತವೆ, ಹಿಂದಿನ ಬೆಂಚುಗಳು ಖಾಲಿಯಾಗುತ್ತವೆ. ಜುಲೈ ತಿಂಗಳ ಜಡಿಮಳೆಯಲ್ಲಿ ಅಂಗಳದ ಭತ್ತ ಒಣಗುವುದಿಲ್ಲ, ಆಗ ತರಗತಿ ತುಂಬಿರುತ್ತದೆ.