ಆರಾಧನಾ ಗ್ರಂಥಗಳಲ್ಲಿ ವೃದ್ಧರ ಪರೀಕ್ಷೆ ಮತ್ತು ಶುಶ್ರೂಷೆ

ಸಲ್ಲೇಖನವನ್ನು ಕುರಿತ ಚರ್ಚೆಗಳಲ್ಲಿ ಸಾಮಾನ್ಯವಾಗಿ ಮುಂದೆ ಬರುವುದು ಅದರ ಕೊನೆಯ ಘಟ್ಟ. ಶ್ರವಣಬೆಳ್ಗೊಳದ ಚಿಕ್ಕಬೆಟ್ಟದ ಶಾಸನಗಳು ಇದಕ್ಕೆ ಬಹುಮಟ್ಟಿಗೆ ಕಾರಣ. ಶಾಸನದ ಉದ್ದೇಶ ಸ್ಮರಣೆ. ಆದುದರಿಂದ ಅದು ಮುಡಿಪಿದವರ ಹೆಸರು, ಗುರುಪರಂಪರೆ, ಕೆಲವೊಮ್ಮೆ ವ್ರತದ ದಿನಗಳು, ಇಷ್ಟನ್ನು ಹೇಳಿ ಮುಗಿಯುತ್ತದೆ. ಆ ವೃದ್ಧ ಮುನಿಯನ್ನು ಅದಕ್ಕೆ ಮುನ್ನ ಯಾರು ಪರೀಕ್ಷಿಸಿದರು, ಯಾವ ಲಕ್ಷಣಗಳನ್ನು ಕಂಡು ವ್ರತಕ್ಕೆ ಒಪ್ಪಿಗೆಯಿತ್ತರು, ಬೇನೆ ಬಂದಾಗ ಯಾರು ಮೈಮುಟ್ಟಿ ಆರೈಕೆ ಮಾಡಿದರು ಎಂಬ ಪ್ರಶ್ನೆಗಳಿಗೆ ಕಲ್ಲು ಉತ್ತರಿಸುವುದಿಲ್ಲ. ಉತ್ತರವಿರುವುದು ಓಲೆಗರಿಯಲ್ಲಿ; ಅದರಲ್ಲಿಯೂ ಮುಖ್ಯವಾಗಿ ಶಿವಾರ್ಯನ ‘ಭಗವತೀ ಆರಾಧನಾ’ ಎಂಬ ಪ್ರಾಕೃತ ಗ್ರಂಥದಲ್ಲಿ.

ಜಿನನಂದಿ, ಸರ್ವಗುಪ್ತ, ಮಿತ್ರನಂದಿ ಎಂಬ ಮೂವರು ಗುರುಗಳನ್ನು ಸ್ಮರಿಸುವ ಶಿವಾರ್ಯನು ಎರಡು ಸಾವಿರಕ್ಕೂ ಮಿಕ್ಕ ಗಾಹೆಗಳಲ್ಲಿ ಈ ಗ್ರಂಥವನ್ನು ರಚಿಸಿದ್ದಾನೆ. ಅಪರಾಜಿತಸೂರಿಯ ‘ವಿಜಯೋದಯಾ’, ಆಶಾಧರನ ‘ಮೂಲಾರಾಧನಾದರ್ಪಣ’ ಎಂಬ ಟೀಕೆಗಳೂ ಅಮಿತಗತಿಯ ಸಂಸ್ಕೃತ ರೂಪಾಂತರವೂ ಇದಕ್ಕುಂಟು. ಕನ್ನಡ ನಾಡಿನಲ್ಲಿ ಈ ಗ್ರಂಥಕ್ಕಿದ್ದ ಪ್ರಚಾರಕ್ಕೆ ‘ವಡ್ಡಾರಾಧನೆ’ಯೇ ಸಾಕ್ಷಿ. ಅದರ 19 ಕಥೆಗಳೂ ಆರಾಧನೆಯ ಗಾಹೆಗಳಿಗೆ ಹೊಂದಿಕೊಂಡು ಬೆಳೆದಂಥವು. ಈ ಕಥಾಪರಂಪರೆಯ ಸಂಬಂಧಗಳನ್ನು ಡಾ. ಆ. ನೇ. ಉಪಾಧ್ಯೆಯವರು 1943ರಲ್ಲಿ ಹರಿಷೇಣನ ‘ಬೃಹತ್ಕಥಾಕೋಶ’ಕ್ಕೆ ಬರೆದ ಪೀಠಿಕೆಯಲ್ಲಿ ವಿಶದಪಡಿಸಿದ್ದಾರೆ. ಕಥೆಗಳ ಕಡೆಗೆ ವಿದ್ವಾಂಸರ ಗಮನ ಹರಿದಷ್ಟು ಮೂಲದ ವಿಧಿಭಾಗಗಳ ಕಡೆಗೆ ಹರಿದಿಲ್ಲ. ವೃದ್ಧಾಪ್ಯದ ವೈದ್ಯಕೀಯ ಇತಿಹಾಸಕ್ಕೆ ಬೇಕಾದ ಸಾಮಗ್ರಿ ಇರುವುದು ಈ ವಿಧಿಭಾಗಗಳಲ್ಲಿ.

ಅರ್ಹತೆಯ ಪರೀಕ್ಷೆ

ಆಹಾರತ್ಯಾಗದ ಮೂರು ವಿಧಗಳಲ್ಲಿ ಇಂಗಿನೀಮರಣದಲ್ಲಿ ಪರರ ಸೇವೆಗೆ ಅವಕಾಶವಿಲ್ಲ. ಪ್ರಾಯೋಪಗಮನದಲ್ಲಿ ಸ್ವಂತ ಶುಶ್ರೂಷೆಯೂ ಇಲ್ಲ. ಭಕ್ತಪ್ರತ್ಯಾಖ್ಯಾನದಲ್ಲಿ ಮಾತ್ರ ತಾನೂ ಪರರೂ ದೇಹವನ್ನು ಉಪಚರಿಸಬಹುದು. ಆದುದರಿಂದ ಗ್ರಂಥದ ಬಹುಭಾಗ ಇದಕ್ಕೇ ಮೀಸಲಾಗಿದ್ದು, 40 ಅಧಿಕಾರಗಳಲ್ಲಿ ವಿಸ್ತರಿಸಿದೆ. ಮೊದಲನೆಯ ಅಧಿಕಾರದ ಹೆಸರು ‘ಅರ್ಹ’. ವ್ರತಕ್ಕೆ ಯಾರು ತಕ್ಕವರು ಎಂಬುದೇ ಅದರ ವಿಷಯ.

ಅಲ್ಲಿ ಹೇಳಿರುವ ಕಾರಣಗಳಲ್ಲಿ ಚಿಕಿತ್ಸೆಗೆ ಬಗ್ಗದ ವ್ಯಾಧಿ ಒಂದು. ಶ್ರಾಮಣ್ಯದ ಆಚರಣೆಗೆ ಹಾನಿ ತರುವ ಮುಪ್ಪು ಮತ್ತೊಂದು. ಉಪಸರ್ಗ, ದುರ್ಭಿಕ್ಷ, ಅಡವಿಯಲ್ಲಿ ದಾರಿ ತಪ್ಪುವುದು ಮುಂತಾದವು ಹೊರಗಿನ ಕಾರಣಗಳು. ಇವುಗಳ ಬಳಿಕ ಗ್ರಂಥಕಾರನು ಮೂರು ದೇಹಲಕ್ಷಣಗಳನ್ನು ಪ್ರತ್ಯೇಕವಾಗಿ ಎಣಿಸುತ್ತಾನೆ: ಕಣ್ಣು ದುರ್ಬಲವಾಗಿರುವುದು, ಕಿವಿ ದುರ್ಬಲವಾಗಿರುವುದು, ಜಂಘಾಬಲ ಕುಂದಿ ವಿಹಾರಕ್ಕೆ ಅಸಮರ್ಥನಾಗುವುದು. ಇಲ್ಲಿ ವಯಸ್ಸಿನ ಎಣಿಕೆ ಇಲ್ಲವೆಂಬುದನ್ನು ಗಮನಿಸಬೇಕು. ಎಪ್ಪತ್ತಾದವನು ಅರ್ಹ, ಅರವತ್ತಾದವನು ಅನರ್ಹ ಎಂಬ ಲೆಕ್ಕವನ್ನು ಶಿವಾರ್ಯನು ಹಾಕುವುದಿಲ್ಲ. ಮುಪ್ಪು ಎಷ್ಟು ವರ್ಷಗಳದ್ದು ಎಂಬುದಕ್ಕಿಂತ ಆ ಮುಪ್ಪಿನಲ್ಲಿ ಮನುಷ್ಯ ಏನನ್ನು ಮಾಡಬಲ್ಲ, ಏನನ್ನು ಮಾಡಲಾರ ಎಂಬುದು ಅವನಿಗೆ ಮುಖ್ಯ. ಮುನಿಗೆ ಕಣ್ಣು ಬೇಕಾದುದು ಈರ್ಯಾಸಮಿತಿಗೆ, ನಡೆಯುವ ನೆಲದ ಜೀವಿಗಳನ್ನು ಕಂಡು ಹೆಜ್ಜೆಯಿಡುವುದಕ್ಕೆ. ಕಾಲು ಬೇಕಾದುದು ವಿಹಾರಕ್ಕೆ, ಆಹಾರಕ್ಕೆ. ಇಂದ್ರಿಯದ ಬಲವನ್ನು ಅಳೆಯುವುದು ಹೀಗೆ ದಿನಚರಿಯ ಅಳತೆಗೋಲಿನಿಂದ.

ಇದಕ್ಕಿಂತಲೂ ಮಹತ್ವದ್ದು ಇದೇ ಅಧಿಕಾರದ ನಿಷೇಧವಾಕ್ಯ. ಯಾರಿಗೆ ಶ್ರಾಮಣ್ಯವು ದೀರ್ಘಕಾಲ ಸುಖವಾಗಿ, ಅತಿಚಾರವಿಲ್ಲದೆ ನಡೆಯುತ್ತಿದೆಯೋ, ಮುಂದೆಯೂ ನಿರ್ಯಾಪಕರು ದೊರೆಯುವ ಭರವಸೆಯಿದೆಯೋ, ದುರ್ಭಿಕ್ಷದ ಭಯ ಒದಗಿಲ್ಲವೋ, ಅಂಥವನಿಗೆ ಭಕ್ತಪ್ರತ್ಯಾಖ್ಯಾನ ಸಲ್ಲದು. ಆದರೂ ಅವನು ಮರಣವನ್ನು ಬಯಸಿದರೆ ಅದು ಶ್ರಾಮಣ್ಯದ ಬಗೆಗೆ ಅವನಲ್ಲಿ ಹುಟ್ಟಿದ ಬೇಸರವೆಂದೇ ತಿಳಿಯಬೇಕು. ಬದುಕಿನ ಬೇಸರವನ್ನೂ ವ್ರತದ ಸಂಕಲ್ಪವನ್ನೂ ಬೇರ್ಪಡಿಸುವ ಹೊಣೆ ಹೀಗೆ ಪರೀಕ್ಷಿಸುವವನ ಮೇಲೆ ಬೀಳುತ್ತದೆ.

ಸಮಂತಭದ್ರನ ‘ರತ್ನಕರಂಡಕ ಶ್ರಾವಕಾಚಾರ’ದ ಲಕ್ಷಣದಲ್ಲಿಯೂ ಇದೇ ನಿಲುವು. ಉಪಸರ್ಗ, ದುರ್ಭಿಕ್ಷ, ಜರೆ, ರುಜೆ ಎಂಬ ನಾಲ್ಕಕ್ಕೂ ಅವನು ‘ನಿಷ್ಪ್ರತೀಕಾರ’ ಎಂಬ ವಿಶೇಷಣವನ್ನು ಜೋಡಿಸುತ್ತಾನೆ. ಪ್ರತೀಕಾರವಿದೆಯೋ ಇಲ್ಲವೋ ಎಂಬುದು ಪ್ರತೀಕಾರವನ್ನು ಯತ್ನಿಸಿದವನಿಗೆ ಮಾತ್ರ ತಿಳಿಯತಕ್ಕದ್ದು. ಆದುದರಿಂದ ಚಿಕಿತ್ಸೆ ಇಲ್ಲಿ ಪೂರ್ವಾಂಗವೆನಿಸುತ್ತದೆ. ಪೂಜ್ಯಪಾದನು ‘ಸರ್ವಾರ್ಥಸಿದ್ಧಿ’ಯಲ್ಲಿ ಕೊಡುವ ವರ್ತಕನ ದೃಷ್ಟಾಂತವೂ ಇದನ್ನೇ ಸಮರ್ಥಿಸುತ್ತದೆ. ಸರಕು ತುಂಬಿದ ಮನೆಗೆ ವಿಪತ್ತು ಬಂದಾಗ ವರ್ತಕನು ಮೊದಲು ಶಕ್ತಿಯಿದ್ದಷ್ಟೂ ಅದನ್ನು ಪರಿಹರಿಸಲು ಯತ್ನಿಸುತ್ತಾನೆ. ಪರಿಹರಿಸಲಾಗದಾಗ ಮಾತ್ರ ಮನೆಯ ಆಸೆಯನ್ನು ತೊರೆದು ಸರಕನ್ನು ಉಳಿಸಿಕೊಳ್ಳಲು ತೊಡಗುತ್ತಾನೆ. ದೃಷ್ಟಾಂತದ ಉತ್ತರಾರ್ಧವನ್ನಷ್ಟೇ ಹಿಡಿದು ಪೂರ್ವಾರ್ಧವನ್ನು ಬಿಡುವುದು ಯುಕ್ತವಲ್ಲ.

ಸಮಂತಭದ್ರನ ಚರಿತೆಯಾಗಿ ಕನ್ನಡದಲ್ಲಿ ಉಳಿದುಬಂದಿರುವ ಐತಿಹ್ಯವೂ ಇಲ್ಲಿ ಸ್ಮರಣೀಯ. ಭಸ್ಮಕ ವ್ಯಾಧಿಯಿಂದ ಪೀಡಿತನಾದ ಅವನು ಸಲ್ಲೇಖನಕ್ಕೆ ಅಪ್ಪಣೆ ಬೇಡಿದಾಗ ಗುರುವು ಒಪ್ಪಲಿಲ್ಲ. ರೋಗವನ್ನು ಕಳೆದುಕೊಂಡು ಬರುವಂತೆ ಕಳುಹಿದನು. ದೇವಚಂದ್ರನ ‘ರಾಜಾವಳೀ ಕಥೆ’ಯಲ್ಲಿ ಇದರ ವಿಸ್ತಾರವಾದ ರೂಪವಿದೆ. ಭಸ್ಮಕದ ಉಲ್ಲೇಖವಂತೂ ಶಕ 1050ರ ಮಲ್ಲಿಷೇಣ ಪ್ರಶಸ್ತಿಯಷ್ಟು ಹಳೆಯದು. ಐತಿಹ್ಯದ ಐತಿಹಾಸಿಕತೆ ಏನೇ ಇರಲಿ, ವಾಸಿಯಾಗಬಲ್ಲ ರೋಗ ಸಲ್ಲೇಖನಕ್ಕೆ ಕಾರಣವಾಗದೆಂಬ ತತ್ತ್ವವನ್ನು ಪರಂಪರೆ ತನ್ನ ಶ್ರೇಷ್ಠ ಆಚಾರ್ಯನೊಬ್ಬನ ಬಾಳಿನಲ್ಲಿಯೇ ಇರಿಸಿ ಹೇಳಿದೆ.

ದೇಹಪ್ರಕೃತಿಯ ವಿವೇಚನೆ

ಅರ್ಹನೆಂದು ನಿರ್ಣಯವಾದ ಮೇಲೂ ಆಹಾರವನ್ನು ಥಟ್ಟನೆ ಬಿಡಿಸುವುದಿಲ್ಲ. ಆಯುಸ್ಸು ಉಳಿದಿದ್ದರೆ ಭಕ್ತಪ್ರತ್ಯಾಖ್ಯಾನದ ಪರಮಾವಧಿ 12 ವರ್ಷ. ಮೊದಲ 4 ವರ್ಷ ವಿವಿಧ ಕಾಯಕ್ಲೇಶಗಳು. ಮುಂದಿನ 4 ವರ್ಷ ರಸತ್ಯಾಗ. 2 ವರ್ಷ ಆಚಾಮ್ಲ ಮತ್ತು ನಿರ್ವಿಕೃತಿ. 1 ವರ್ಷ ಆಚಾಮ್ಲ. ಕೊನೆಯ ವರ್ಷದಲ್ಲಿ 6 ತಿಂಗಳು ಮಧ್ಯಮ ತಪಸ್ಸು, 6 ತಿಂಗಳು ಉತ್ಕೃಷ್ಟ ತಪಸ್ಸು. ಈ ಕ್ರಮವು ಎಲ್ಲರಿಗೂ ಒಂದೇ ಅಲ್ಲ. ಆಹಾರ, ಕ್ಷೇತ್ರ, ಕಾಲ, ಧಾತು ಇವುಗಳನ್ನು ವಿಚಾರಿಸಿ ವಾತಪಿತ್ತಶ್ಲೇಷ್ಮಗಳು ಕೆರಳದಂತೆ ತಪಸ್ಸನ್ನು ಯೋಜಿಸಬೇಕೆಂದು ಶಿವಾರ್ಯನು ವಿಧಿಸುತ್ತಾನೆ. ಆಯುರ್ವೇದದ ಪರಿಭಾಷೆ ಇಲ್ಲಿ ಧರ್ಮಗ್ರಂಥದೊಳಗೆ ಕೆಲಸದ ಭಾಷೆಯಾಗಿಯೇ ಬಂದಿದೆ.

ಬಾಯಿಯ ಆರೈಕೆಯನ್ನು ಕುರಿತ ಒಂದು ಸಣ್ಣ ವಿಧಿ ಗ್ರಂಥಕಾರನ ಅನುಭವಕ್ಕೆ ಕನ್ನಡಿ ಹಿಡಿಯುತ್ತದೆ. ಕ್ಷಪಕನು ಎಣ್ಣೆಯಿಂದಲೂ ಕಷಾಯದಿಂದಲೂ ಮತ್ತೆಮತ್ತೆ ಬಾಯಿ ಮುಕ್ಕಳಿಸಬೇಕು. ಅದರಿಂದ ನಾಲಗೆಗೂ ಕಿವಿಗೂ ಬಲ ಬಂದು ಬಾಯಿ ತಿಳಿಯಾಗುತ್ತದೆ. ನಾಲಗೆ ಒಣಗಿದ ವೃದ್ಧನು ಆಲೋಚನೆಯನ್ನು ನುಡಿಯಲಾರ. ಕಿವಿ ಮಂದವಾದವನು ಗುರುವಿನ ಮಾತನ್ನು ಕೇಳಲಾರ. ವ್ರತದ ಕೊನೆಯವರೆಗೂ ಕೇಳುವ, ನುಡಿಯುವ ಶಕ್ತಿ ಉಳಿಯಬೇಕೆಂಬುದೇ ಇದರ ಹಿಂದಿನ ಆಶಯ.

ನಿರ್ಯಾಪಕರು

ಶುಶ್ರೂಷೆಯನ್ನು ಒಬ್ಬನ ಕರುಣೆಗೆ ಬಿಟ್ಟುಕೊಡದೆ ಸಂಘದ ವ್ಯವಸ್ಥೆಯನ್ನಾಗಿ ಮಾಡಿರುವುದು ಆರಾಧನೆಯ ಮತ್ತೊಂದು ವಿಶೇಷ. ಒಬ್ಬ ಕ್ಷಪಕನಿಗೆ 48 ಮಂದಿ ನಿರ್ಯಾಪಕರು. ನಾಲ್ವರಂತೆ 12 ಗುಂಪುಗಳಾಗಿ ಅವರ ಕೆಲಸ ಹಂಚಿದೆ. ನಾಲ್ವರು ಮೈಯನ್ನು ನೀವಿ, ಮಗ್ಗುಲು ತಿರುಗಿಸಿ, ಎಬ್ಬಿಸಿ ಕುಳ್ಳಿರಿಸಿ ನಡೆಸುವವರು. ನಾಲ್ವರು ಧರ್ಮಕಥೆ ಹೇಳುವವರು. ನಾಲ್ವರು ಆಹಾರವನ್ನೂ ನಾಲ್ವರು ಪಾನವನ್ನೂ ಒದಗಿಸುವವರು. ನಾಲ್ವರು ತಂದುದನ್ನು ಕಾಯುವವರು. ನಾಲ್ವರು ಮಲಮೂತ್ರಗಳನ್ನು ತೆಗೆದು ಶಯ್ಯೆಯನ್ನು ಶುಚಿಯಾಗಿಡುವವರು. ಇನ್ನುಳಿದವರು ಕ್ಷಪಕನ ಬಾಗಿಲಿನಲ್ಲಿ, ಸಭೆಯ ಬಾಗಿಲಿನಲ್ಲಿ ನಿಲ್ಲುವವರು, ಇರುಳು ಎಚ್ಚರಿರುವವರು, ಸುತ್ತಣ ನಾಡಿನ ಕ್ಷೇಮವಾರ್ತೆಯನ್ನು ಅರಿಯುವವರು, ಬಂದವರಿಗೆ ಹೊರಗೆ ಧರ್ಮ ಹೇಳುವವರು, ವಾದಕ್ಕೆ ಬಂದವರಿಗೆ ಉತ್ತರಿಸುವವರು.

ಅಷ್ಟು ಮಂದಿ ದೊರೆಯದಿದ್ದರೆ ಕಾಲಕ್ಕೆ ತಕ್ಕಂತೆ ಸಂಖ್ಯೆಯನ್ನು ಇಳಿಸಬಹುದು. ಆದರೆ ಇಬ್ಬರಿಗಿಂತ ಕಡಿಮೆ ಆಗಕೂಡದು. ಒಬ್ಬನೇ ಆದರೆ ಅವನು ಆಹಾರಕ್ಕೆ ಹೋದಾಗ ಕ್ಷಪಕನು ಒಂಟಿಯಾಗುತ್ತಾನೆ. ಕ್ಷಪಕನ ಬಳಿಯೇ ಉಳಿದರೆ ತನ್ನ ದೇಹವನ್ನೂ ಆವಶ್ಯಕಗಳನ್ನೂ ಕೆಡಿಸಿಕೊಳ್ಳುತ್ತಾನೆ. ಆರೈಕೆ ಮಾಡುವವನ ಬಳಲಿಕೆಯನ್ನೂ ಎಣಿಕೆಗೆ ತೆಗೆದುಕೊಂಡ ಈ ವಿಧಿಯಲ್ಲಿ ರೋಗಿಯ ಬಳಿ ಕುಳಿತು ಕಂಡವರ ಅನುಭವವಿದೆ. ‘ತತ್ತ್ವಾರ್ಥಸೂತ್ರ’ವು ವೈಯಾವೃತ್ಯವನ್ನು ಆಭ್ಯಂತರ ತಪಸ್ಸಿನಲ್ಲಿ ಸೇರಿಸಿ, ಅದಕ್ಕೆ ಪಾತ್ರರಾದ ಹತ್ತು ಬಗೆಯವರಲ್ಲಿ ‘ಗ್ಲಾನ’ನನ್ನು, ಎಂದರೆ ರೋಗದಿಂದ ಬಳಲಿದವನನ್ನು, ಎಣಿಸಿರುವುದು ಈ ವ್ಯವಸ್ಥೆಗೆ ಶಾಸ್ತ್ರಾಧಾರ.

ಸಾರಣಾಧಿಕಾರ

ವೃದ್ಧರ ಪರೀಕ್ಷೆಯ ದೃಷ್ಟಿಯಿಂದ ಅತ್ಯಂತ ಮಹತ್ವದ ಭಾಗ ‘ಸಾರಣ’ವೆಂಬ ಅಧಿಕಾರ. ವ್ರತದ ನಡುವೆ ವೇದನೆ ತಲೆದೋರಿದರೆ ಅದರ ವಿಕಾರವನ್ನು ಮೊದಲು ಅರಿತು, ಬಳಿಕ ಪ್ರಾಸುಕ ದ್ರವ್ಯಗಳಿಂದ ವಾತ ಕಫ ಪಿತ್ತಗಳನ್ನು ಶಮನಗೊಳಿಸಬೇಕು. ಚಿಕಿತ್ಸೆಯನ್ನು ಬಲ್ಲ ನಿರ್ಯಾಪಕನು ತಾನೇ ಸರ್ವಶಕ್ತಿಯಿಂದ, ಅಥವಾ ವೈದ್ಯನ ಆದೇಶದಂತೆ, ಪ್ರತಿಕ್ರಿಯೆ ನಡೆಸಬೇಕು. ಬಸ್ತಿ, ಶಾಖ, ಲೇಪ, ಶೀತಕ್ರಿಯೆ, ಅಭ್ಯಂಗ, ಮರ್ದನ ಇವು ಅಲ್ಲಿ ಹೆಸರಿಸಿರುವ ಉಪಾಯಗಳು. ಆಹಾರವನ್ನು ತೊರೆದವನಿಗೆ ಔಷಧೋಪಚಾರ ಏಕೆ ಎಂಬ ಸಂದೇಹಕ್ಕೆ ಇಲ್ಲಿ ಎಡೆಯಿಲ್ಲ. ಸಮಾಧಿಗೆ ಭಂಗ ತರುವ ನೋವನ್ನು ತಗ್ಗಿಸುವುದು ವ್ರತಕ್ಕೆ ವಿರೋಧವಲ್ಲ. ವ್ರತದ ರಕ್ಷಣೆಯೇ ಅದರ ಫಲ.

ಅಷ್ಟಾದರೂ ಕ್ಷಪಕನು ಮೈಮರೆತರೆ ಆಚಾರ್ಯನು ಅವನನ್ನು ಕೆಲವು ಪ್ರಶ್ನೆಗಳಿಂದ ಪರೀಕ್ಷಿಸುತ್ತಾನೆ. ನೀನು ಯಾರು, ನಿನ್ನ ಹೆಸರೇನು, ವಾಸವೆಲ್ಲಿ, ಈಗ ಯಾವ ಹೊತ್ತು, ಏನು ಮಾಡುತ್ತಿರುವೆ, ಹೇಗಿರುವೆ, ನನ್ನ ಹೆಸರೇನು ಎಂಬುದು ಆ ಪ್ರಶ್ನೆಗಳ ಸಾರ. ತನ್ನ ಅರಿವು, ಸ್ಥಳದ ಅರಿವು, ಕಾಲದ ಅರಿವು, ಎದುರಿಗಿರುವವನ ಗುರುತು ಎಲ್ಲವೂ ಇದರಲ್ಲಿ ಅಡಕವಾಗಿವೆ. ಉತ್ತರ ಬಂದರೆ ಸ್ಮೃತಿಯಿದೆ ಎಂದು ತಿಳಿದು ಅವನಿಗೆ ವ್ರತವನ್ನು ನೆನಪಿಸಬೇಕು.

ಸ್ಮೃತಿ ಮರಳದಿದ್ದರೆ? ಕರ್ಮದ ಉಪಶಮದಿಂದ ಕೆಲವರಿಗೆ ನೆನಪು ಮರಳುತ್ತದೆ, ಕರ್ಮದ ಉದಯದಿಂದ ಕೆಲವರಿಗೆ ಮರಳುವುದಿಲ್ಲವೆಂದು ಶಿವಾರ್ಯನು ಒಪ್ಪುತ್ತಾನೆ. ಆದರೆ ನೆನಪು ಬಾರದವನಿಗೂ ಗಣಿಯು ಎಡೆಬಿಡದೆ ಶುಶ್ರೂಷೆಯನ್ನು ನಡೆಸಬೇಕು, ಅನುಕೂಲವಾದ ಮಾತನ್ನೇ ಆಡಬೇಕೆಂದು ವಿಧಿಸುತ್ತಾನೆ. ನೆನಪು ಅಳಿದ ಮಾತ್ರಕ್ಕೆ ಆ ಮುನಿ ಸಂಘಕ್ಕೆ ಹೊರಗಿನವನಾಗುವುದಿಲ್ಲ. ಇಡೀ ಗ್ರಂಥದ ಮಾನವೀಯತೆ ಈ ಒಂದು ವಿಧಿಯಲ್ಲಿ ಘನೀಭವಿಸಿದೆ ಎನ್ನಬಹುದು.

ವೈದ್ಯಗ್ರಂಥಗಳ ಹಿನ್ನೆಲೆ

ಆರಾಧನೆಯಲ್ಲಿ ಬರುವ ‘ವೈದ್ಯನ ಆದೇಶ’ದ ಹಿಂದೆ ಜೈನ ವೈದ್ಯದ ಪರಂಪರೆಯೊಂದಿದೆ. ಪೂರ್ವಗಳಲ್ಲಿ ‘ಪ್ರಾಣಾವಾಯ’ವು ವೈದ್ಯದ ಮೂಲವೆಂದು ಪರಂಪರೆಯ ನಂಬಿಕೆ. ರಾಷ್ಟ್ರಕೂಟ ನೃಪತುಂಗನ ಕಾಲದ ಉಗ್ರಾದಿತ್ಯಾಚಾರ್ಯನು ತನ್ನ ಸಂಸ್ಕೃತ ‘ಕಲ್ಯಾಣಕಾರಕ’ದಲ್ಲಿ ಶಾಲಾಕ್ಯಕ್ಕೆ ಪೂಜ್ಯಪಾದನನ್ನೂ ಶಲ್ಯಕ್ಕೆ ಪಾತ್ರಸ್ವಾಮಿಯನ್ನೂ ಕಾಯಚಿಕಿತ್ಸೆಗೆ ದಶರಥಗುರುವನ್ನೂ ಬಾಲಚಿಕಿತ್ಸೆಗೆ ಮೇಘನಾದನನ್ನೂ ವೃಷ್ಯ ಮತ್ತು ದಿವ್ಯಾಮೃತಕ್ಕೆ ಸಿಂಹನಾದನನ್ನೂ ಹೆಸರಿಸುತ್ತಾನೆ. ಮಾಂಸವು ಔಷಧವಾಗದೆಂದು ನೃಪತುಂಗನ ಸಭೆಯಲ್ಲಿ ಅವನು ಮಾಡಿದ ವಾದ ಗ್ರಂಥದ ಕೊನೆಯ ‘ಹಿತಾಹಿತಾಧ್ಯಾಯ’ದಲ್ಲಿದೆ. ಈ ಗ್ರಂಥವು ವರ್ಧಮಾನ ಪಾರ್ಶ್ವನಾಥ ಶಾಸ್ತ್ರಿಗಳ ಸಂಪಾದನೆಯಲ್ಲಿ 1940ರಲ್ಲಿ ಸೊಲ್ಲಾಪುರದಿಂದ ಪ್ರಕಟವಾಯಿತು. ಜಗದ್ದಳ ಸೋಮನಾಥನ ‘ಕರ್ಣಾಟಕ ಕಲ್ಯಾಣಕಾರಕ’ವು ಪೂಜ್ಯಪಾದನ ಹೆಸರಿನ ವೈದ್ಯವನ್ನು ಕನ್ನಡಕ್ಕೆ ತಂದಿತು.

ಇವುಗಳ ಜೊತೆಯಲ್ಲಿ ‘ರಿಷ್ಟ’ಶಾಸ್ತ್ರವೂ ಬೆಳೆಯಿತು. ಉಗ್ರಾದಿತ್ಯನಲ್ಲಿ ರಿಷ್ಟಾಧಿಕಾರವಿದೆ, ದುರ್ಗದೇವನು ಕ್ರಿ.ಶ. 1032ರಲ್ಲಿ ‘ರಿಷ್ಟಸಮುಚ್ಚಯ’ವನ್ನು ರಚಿಸಿದನು. ಮರಣದ ಕಾಲವನ್ನು ಮೊದಲೇ ತಿಳಿಯುವ ಅಪೇಕ್ಷೆ ಇವುಗಳ ಹಿಂದಿದೆ. ಆದರೆ ಇಲ್ಲಿ ದೇಹಲಕ್ಷಣಗಳ ಜೊತೆಗೆ ಸ್ವಪ್ನ, ಛಾಯೆ, ಶಕುನಗಳೂ ಬೆರೆತಿವೆ. ಕಣ್ಣು ಕಿವಿ ಕಾಲುಗಳ ಬಲವನ್ನು ನೋಡುವ ಆರಾಧನೆಯ ರೀತಿಗೂ ನೆರಳನ್ನು ನೋಡಿ ಆಯುಸ್ಸನ್ನು ಹೇಳುವ ರೀತಿಗೂ ಇರುವ ಅಂತರವನ್ನು ಮರೆಮಾಚಬೇಕಾಗಿಲ್ಲ.

ಸಾಮ್ಯ ಮತ್ತು ಮಿತಿ

ಪಾಶ್ಚಾತ್ಯ ವೈದ್ಯದಲ್ಲಿ ವೃದ್ಧರ ಕ್ರಮಬದ್ಧ ಪರೀಕ್ಷೆ ಪ್ರತ್ಯೇಕ ವಿಷಯವಾದುದು ಇಪ್ಪತ್ತನೆಯ ಶತಮಾನದಲ್ಲಿ. ಲಂಡನ್ನಿನ ವೆಸ್ಟ್ ಮಿಡ್ಲ್‌ಸೆಕ್ಸ್ ಆಸ್ಪತ್ರೆಯಲ್ಲಿ ಮಾರ್ಜರಿ ವಾರೆನ್ 1935ರಿಂದ, ಹಾಸಿಗೆ ಹಿಡಿದು ಉಳಿದಿದ್ದ ವೃದ್ಧರನ್ನು ಒಬ್ಬೊಬ್ಬರನ್ನಾಗಿ ಪರೀಕ್ಷಿಸಿ, ಹಲವರು ಮತ್ತೆ ನಡೆಯಬಲ್ಲರೆಂದು ತೋರಿಸಿದರು. ಸ್ಥಳ, ಕಾಲ, ವ್ಯಕ್ತಿಗಳ ಅರಿವನ್ನು ಕೇಳಿ ತಿಳಿಯುವ ಹಾಡ್ಕಿನ್ಸನ್ನರ ಹತ್ತು ಪ್ರಶ್ನೆಗಳ ಪರೀಕ್ಷೆ 1972ರಲ್ಲಿಯೂ ಫೋಲ್‌ಸ್ಟೀನರ ಪರೀಕ್ಷೆ 1975ರಲ್ಲಿಯೂ ಪ್ರಕಟವಾದವು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಪ್ರಾಥಮಿಕ ಆರೋಗ್ಯ ಕಾರ್ಯಕರ್ತರಿಗಾಗಿ ಹೊರತಂದ ಕೈಪಿಡಿಯು ವೃದ್ಧರಲ್ಲಿ ನೋಡಬೇಕಾದ ಆರು ಅಂಶಗಳನ್ನು ಹೇಳುತ್ತದೆ: ಸ್ಮೃತಿ, ನಡಿಗೆ, ಪೋಷಣೆ, ದೃಷ್ಟಿ, ಶ್ರವಣ, ಮನಸ್ಸಿನ ಕುಗ್ಗು. ಬೇಸರದಿಂದ ಹುಟ್ಟಿದ ಮರಣೇಚ್ಛೆಯ ವಿವೇಚನೆಯನ್ನೂ ಸೇರಿಸಿಕೊಂಡರೆ ಈ ಆರಕ್ಕೂ ಆರಾಧನೆಯಲ್ಲಿ ಎಡೆಯುಂಟು.

ಹಾಗೆಂದು ಆಧುನಿಕ ವಿಜ್ಞಾನವೆಲ್ಲ ಓಲೆಗರಿಯಲ್ಲಿತ್ತೆಂದು ಸಾರುವುದು ಗ್ರಂಥಕ್ಕೆ ಮಾಡುವ ಗೌರವವಲ್ಲ. ಉದ್ದೇಶಗಳು ಬೇರೆ. ಇಂದಿನ ವೈದ್ಯನು ಪ್ರಶ್ನೆ ಕೇಳುವುದು ರೋಗವನ್ನು ಗುರುತಿಸುವುದಕ್ಕೆ. ಶಿವಾರ್ಯನ ಆಚಾರ್ಯನು ಕೇಳುವುದು ವ್ರತವು ಕ್ಷಪಕನ ಅರಿವಿನಲ್ಲಿ ನಿಂತಿದೆಯೇ ಎಂದು ತಿಳಿಯುವುದಕ್ಕೆ. ಅಲ್ಲದೆ ಈ ವಿಧಿಗಳು ಮುನಿಸಂಘಕ್ಕೆ ಹೇಳಿದವು. ಗೃಹಸ್ಥರ ಮನೆಯ ಮುದುಕ ಮುದುಕಿಯರಿಗೆ 48 ಮಂದಿ ನಿರ್ಯಾಪಕರು ದೊರೆಯುತ್ತಿದ್ದರೆಂದು ಇದರಿಂದ ಊಹಿಸಲಾಗದು. ವಿಧಿಯಿದ್ದಂತೆಯೇ ಎಲ್ಲೆಡೆ ಆಚರಣೆಯಿತ್ತೆಂಬುದಕ್ಕೂ ವಿಧಿವಾಕ್ಯವೇ ಪ್ರಮಾಣವಾಗದು.

ಆದರೂ ಈ ಪಾಠಗಳ ಅಧ್ಯಯನ ಕೇವಲ ಪುರಾತನ ಕುತೂಹಲವಲ್ಲ. 2015ರ ಆಗಸ್ಟ್ 10ರಂದು ರಾಜಸ್ಥಾನದ ಉಚ್ಚ ನ್ಯಾಯಾಲಯವು ಸಂಥಾರಾ ವ್ರತವನ್ನು ಆತ್ಮಹತ್ಯೆಗೆ ಸಮನಾಗಿಸಿ ತೀರ್ಪಿತ್ತಿತು. ಅದೇ ತಿಂಗಳ 31ರಂದು ಸರ್ವೋಚ್ಚ ನ್ಯಾಯಾಲಯ ಆ ತೀರ್ಪಿಗೆ ತಡೆಯಾಜ್ಞೆ ನೀಡಿತು. ಅಂದು ಎದ್ದ ಆಕ್ಷೇಪಗಳಲ್ಲಿ, ಚಿಕಿತ್ಸೆಯಿಂದ ಚೇತರಿಸಬಲ್ಲ ವೃದ್ಧರನ್ನು ವ್ರತದ ಹೆಸರಿನಲ್ಲಿ ಕೈಬಿಡಲಾಗುವುದೇ ಎಂಬುದು ಗಂಭೀರವಾದುದು. ಅದಕ್ಕೆ ವ್ರತದ ಪ್ರಶಂಸೆ ಉತ್ತರವಾಗದು. ನಿಷ್ಪ್ರತೀಕಾರವೆಂಬ ಷರತ್ತು, ಅರ್ಹತೆಯ ನಿಷೇಧವಾಕ್ಯ, ನೋವಿಗೆ ಚಿಕಿತ್ಸೆ, ಅರಿವಿನ ಪರೀಕ್ಷೆ, ನೆನಪು ಅಳಿದವನಿಗೂ ತಪ್ಪದ ಶುಶ್ರೂಷೆ ಇವೇ ಶಾಸ್ತ್ರದ ಉತ್ತರ. 

ಭಗವತೀ ಆರಾಧನೆಯ ಟೀಕಾಸಹಿತ ಮುದ್ರಣ 1935ರಲ್ಲಿಯೂ ಕೈಲಾಸಚಂದ್ರ ಶಾಸ್ತ್ರಿಗಳ ಹಿಂದೀ ಅನುವಾದದೊಡನೆ 1978ರಲ್ಲಿಯೂ ಸೊಲ್ಲಾಪುರದಿಂದ ಹೊರಬಂದಿತು. ಕ. ಭುಜಬಲಿ ಶಾಸ್ತ್ರಿಗಳು 1948ರಲ್ಲಿ ಪ್ರಕಟಿಸಿದ ತಾಡಪತ್ರ ಗ್ರಂಥಸೂಚಿಯು ಮೂಡಬಿದಿರೆ, ಕಾರ್ಕಳ ಮುಂತಾದೆಡೆಗಳ ಭಂಡಾರಗಳ ಸಿರಿಯನ್ನು ತೋರಿಸಿಕೊಟ್ಟಿದೆ. ಆರಾಧನೆಯ ಸಾರಣ, ನಿರ್ಯಾಪಕ ಅಧಿಕಾರಗಳ ವೈದ್ಯಪದಗಳನ್ನು ಕನ್ನಡ ವೈದ್ಯಗ್ರಂಥಗಳ ಓಲೆಗಳೊಡನೆ ತಾಳೆನೋಡಿ ಪದಕೋಶವೊಂದನ್ನು ಸಿದ್ಧಪಡಿಸಿದರೆ ಧರ್ಮಶಾಸ್ತ್ರದ ಅಭ್ಯಾಸಿಗೂ ವೈದ್ಯದ ಇತಿಹಾಸಕಾರನಿಗೂ ಸಮಾನವಾಗಿ ಉಪಕಾರವಾದೀತು.