ಗಾಳ ಹಿಡಿದವರ ಕಾವಲು

ಕಲಘಟಗಿ ಎಂದೊಡನೆ ಉತ್ತರ ಕರ್ನಾಟಕದವರಿಗೆ ನೆನಪಾಗುವುದು ಬಣ್ಣದ ತೊಟ್ಟಿಲು. ಆದರೆ ಮಲೆನಾಡಿನ ಸೆರಗು ಬಯಲುಸೀಮೆಗೆ ತಾಗುವ ಈ ತಾಲ್ಲೂಕಿಗೆ ಕೆರೆ, ಹಳ್ಳಗಳ ಇನ್ನೊಂದು ಗುರುತೂ ಉಂಟು. ಮುಂದೆ ಗಂಗಾವಳಿಯಾಗಿ ಅರಬ್ಬಿ ಸಮುದ್ರ ಸೇರುವ ಬೇಡ್ತಿ ಇಲ್ಲಿ ಇನ್ನೂ ಹಳ್ಳ. ಅದಕ್ಕೆ ಅಡ್ಡಲಾಗಿ 1950ರ ದಶಕದಲ್ಲಿ ಕಟ್ಟಿದ ನೀರಸಾಗರ ಹುಬ್ಬಳ್ಳಿ-ಧಾರವಾಡದ ದಾಹ ತಣಿಸಿದ ಜಲಾಶಯ. ಇಂಥ ನೀರಿನ ದಂಡೆಯಲ್ಲಿ ಗಾಳ ಹಾಕಿ ಕೂತವನ ಬಳಿ ಹೆಚ್ಚು ಸಾಮಾನು ಇರುವುದಿಲ್ಲ. ಒಂದು ಬಿದಿರ ಗಳ, ಒಂದಷ್ಟು ನೈಲಾನ್ ದಾರ, ಪೇಟೆಯಲ್ಲಿ ಕೊಂಡ ಕೊಕ್ಕೆ, ದಾರಕ್ಕೆ ಕಟ್ಟಿದ ಬೆಂಡಿನ ತುಂಡು, ತೆಂಗಿನ ಚಿಪ್ಪಿನಲ್ಲಿ ಎರೆಹುಳು ಅಥವಾ ಕಲಸಿದ ಹಿಟ್ಟು. ಮೀನು ಸಿಕ್ಕರೆ ಸಾರು, ಸಿಗದಿದ್ದರೆ ಹೊತ್ತು ಹೋಯಿತು.

ಈ ಸಾಮಾನುಗಳನ್ನೆಲ್ಲ ಸುಮಾರು 900 ವರ್ಷಗಳ ಹಿಂದೆಯೇ ಕನ್ನಡ ನೆಲದ ಅರಸನೊಬ್ಬ ಕುಳಿತು ವಿವರಿಸಿದ್ದನೆಂದರೆ ಅಚ್ಚರಿಯಾದೀತು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮುಮ್ಮಡಿ ಸೋಮೇಶ್ವರನೇ ಆ ಅರಸ. ಆರನೆಯ ವಿಕ್ರಮಾದಿತ್ಯನ ಮಗನಾದ ಇವನು 1126ರಿಂದ 1138ರವರೆಗೆ ಆಳಿದ. ಧಾರವಾಡ ಸೀಮೆಗೆ ಈತ ಹೊರಗಿನವನಲ್ಲ. ಇದೇ ಜಿಲ್ಲೆಯ ಅಣ್ಣಿಗೇರಿ ಅಂದಿನ ಬೆಳ್ವೊಲ ಮುನ್ನೂರರ ಮುಖ್ಯ ಪಟ್ಟಣ. ಈ ವಂಶದ ಕೊನೆಯ ಅರಸು ನಾಲ್ವಡಿ ಸೋಮೇಶ್ವರ ಕೆಲಕಾಲ ಅಲ್ಲಿಂದಲೇ ಆಳಿದ್ದುಂಟು. ಮುಮ್ಮಡಿ ಸೋಮೇಶ್ವರ ಯುದ್ಧದಲ್ಲಿ ತಂದೆಯಷ್ಟು ಹೆಸರು ಮಾಡಲಿಲ್ಲ. ಆದರೆ 'ಸರ್ವಜ್ಞ ಚಕ್ರವರ್ತಿ' ಎನಿಸಿಕೊಂಡ. ಅದಕ್ಕೆ ಕಾರಣ 'ಮಾನಸೋಲ್ಲಾಸ' ಅಥವಾ 'ಅಭಿಲಷಿತಾರ್ಥ ಚಿಂತಾಮಣಿ' ಎಂಬ ಅವನ ಸಂಸ್ಕೃತ ವಿಶ್ವಕೋಶ. ಸುಮಾರು 1130ರಲ್ಲಿ ಸಿದ್ಧವಾದ ಈ ಗ್ರಂಥದಲ್ಲಿ ಇಪ್ಪತ್ತು ಇಪ್ಪತ್ತು ಅಧ್ಯಾಯಗಳ ಐದು ಭಾಗಗಳಿವೆ.

ಇಡ್ಲಿ-ದೋಸೆಯ ಇತಿಹಾಸ ಬರೆಯುವವರೆಲ್ಲ ಈ ಪುಸ್ತಕದ ಹೆಸರು ಹೇಳುತ್ತಾರೆ. ಅದರ 'ಮತ್ಸ್ಯವಿನೋದ'ದ ಮಾತನ್ನು ಎತ್ತುವವರು ಕಡಿಮೆ. ಅರಸನ ಮನರಂಜನೆಗಳನ್ನು ಹೇಳುವ ಭಾಗದಲ್ಲಿ ಆನೆ, ಕುದುರೆ, ಮಲ್ಲಯುದ್ಧ, ಕೋಳಿ ಕಾಳಗಗಳ ಸಾಲಿನಲ್ಲಿಯೇ ಗಾಳ ಹಾಕುವುದೂ ಒಂದು ಅಧ್ಯಾಯ. ಅದರಲ್ಲಿ ಮೂವತ್ತಕ್ಕೂ ಹೆಚ್ಚು ಬಗೆಯ ಮೀನುಗಳ ಹೆಸರುಗಳಿವೆ. ಯಾವುದು ಕಡಲಿನದು, ಯಾವುದು ಹೊಳೆಯದು. ಯಾವುದಕ್ಕೆ ಹುರುಪೆ ಉಂಟು, ಯಾವುದಕ್ಕೆ ಇಲ್ಲ. ಯಾವುದು ದೊಡ್ಡದು, ಯಾವುದು ಚಿಕ್ಕದು ಎಂಬ ವಿಂಗಡಣೆ ಇದೆ. ಯಾವ ಮೀನಿಗೆ ಯಾವ ತಿನಿಸು ಎಂಬುದು ಬೇರೆ. ಕೋಲು, ನಾರಿನ ದಾರ, ಕೊಕ್ಕೆಗಳ ವಿಚಾರವೂ ಬರುತ್ತದೆ. ಬರೋಡಾದ ಗಾಯಕವಾಡ ಗ್ರಂಥಮಾಲೆ 1925ರಿಂದ ಮೂಲವನ್ನು ಅಚ್ಚು ಹಾಕತೊಡಗಿತು. ಭಾರತೀಯ ಪ್ರಾಣಿ ಸರ್ವೇಕ್ಷಣೆಯ ನಿರ್ದೇಶಕರಾಗಿದ್ದ ಮತ್ಸ್ಯವಿಜ್ಞಾನಿ ಸುಂದರ್ ಲಾಲ್ ಹೋರಾ 1951ರಲ್ಲಿ ಇದರ ಮೀನುಗಳ ಭಾಗವನ್ನು ವಿಜ್ಞಾನಿಯ ಕಣ್ಣಿನಿಂದ ಪರಿಶೀಲಿಸಿ ಲೇಖನ ಪ್ರಕಟಿಸಿದರು.

ಇಲ್ಲಿ ಗಮನಿಸಬೇಕಾದದ್ದು ತಿನಿಸಿನ ಮಾತು. ಮೀನನ್ನು ಹಿಡಿಯುವ ಮೊದಲು ಅದನ್ನು ಸಾಕಬೇಕು, ಒಂದು ಜಾಗಕ್ಕೆ ರೂಢಿ ಮಾಡಿಸಬೇಕು ಎಂಬ ಕಲ್ಪನೆ ಅದರ ಹಿಂದಿದೆ. ಸಾರಿಗೆಂದು ಮೀನು ಹಿಡಿಯುವವನಿಗೆ ಇಷ್ಟು ಪುರುಸೊತ್ತು ಇರುವುದಿಲ್ಲ. ಇವನದು ಆಟ. ಆಟಕ್ಕೆ ದೊಡ್ಡ ಮೀನು ಬೇಕು, ದೊಡ್ಡ ಮೀನು ಬೇಕಾದರೆ ಯಾರಾದರೂ ಆ ನೀರನ್ನು ಕಾಯಬೇಕು.

ಇದಾದ ಮೇಲೆ ಗಾಳದ ಆಟದ ಬಗ್ಗೆ ಕನ್ನಡ ನಾಡಿನಲ್ಲಿ ಹುಟ್ಟಿದ ದೊಡ್ಡ ಪುಸ್ತಕ ಇಂಗ್ಲಿಷಿನದು. ದಕ್ಷಿಣ ಕನ್ನಡದಲ್ಲಿ ಕಲೆಕ್ಟರಾಗಿದ್ದ ಹೆನ್ರಿ ಸಲಿವನ್ ಥಾಮಸ್ ಬರೆದ 'ದಿ ರಾಡ್ ಇನ್ ಇಂಡಿಯಾ' 1873ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಕಿಟೆಲ್ಲರ ನಿಘಂಟು 1894ರಲ್ಲಿ ಹೊರಬಂದುದೂ ಅದೇ ಊರಿನ ಬಾಸೆಲ್ ಮಿಶನ್ನಿನಿಂದ. ಇಂಡಿಯಾದಲ್ಲಿ ಮೀನು ಹಿಡಿಯುವ ಮೋಜೇ ಇಲ್ಲವೆಂದು ಗೊಣಗುತ್ತಿದ್ದ ಇಂಗ್ಲಿಷ್ ಅಧಿಕಾರಿಗಳಿಗೆ ಥಾಮಸ್ ಹೇಳಿದ್ದು ಒಂದೇ ಮಾತು: ಮಹಸೀರ್ ಎಂಬ ಮೀನನ್ನು ಹುಡುಕಿ. ತೂಕಕ್ಕೆ ತೂಕ ನೋಡಿದರೆ ತಮ್ಮ ನಾಡಿನ ಸಾಲ್ಮನ್‌ಗಿಂತ ಇದೇ ಬಲಶಾಲಿ ಎಂಬುದು ಅವನ ತೀರ್ಪು. ಕಾವೇರಿ ತೀರದವರು 'ಬಿಳಿ ಮೀನು' ಎನ್ನುವುದೂ ಈ ಜಾತಿಯನ್ನೇ.

ಸಾಮಾನಿನ ಆಯ್ಕೆ ಕಷ್ಟವಾದದ್ದು ಈ ಮೀನಿನಿಂದಲೇ. ಮಹಸೀರ್‌ನ ತುಟಿ ಮೆತ್ತಗೆ, ದವಡೆಯಲ್ಲಿ ಹಲ್ಲಿಲ್ಲ. ಆದರೆ ಗಂಟಲಲ್ಲಿ ಹಲ್ಲುಗಳಿವೆ. ಏಡಿ, ಶಂಖದ ಹುಳುಗಳನ್ನು ನುಚ್ಚುನೂರು ಮಾಡುವ ಆ ಗಂಟಲಿಗೆ ಸಿಕ್ಕ ಸಾಧಾರಣ ಕೊಕ್ಕೆ ಚಪ್ಪಟೆಯಾಗಿಯೋ ಮುರಿದೋ ಬರುತ್ತದೆ. ಗಾಳಕ್ಕೆ ಸಿಕ್ಕೊಡನೆ ಮೀನು ಮೇಲೆ ಹಾರುವುದಿಲ್ಲ. ನೂರಾರು ಅಡಿ ದಾರವನ್ನು ಎಳೆದುಕೊಂಡು ಬಂಡೆಗಳ ಸಂದಿಗೆ ನುಗ್ಗುತ್ತದೆ. ಹೀಗಾಗಿ ಗಟ್ಟಿ ಕೊಕ್ಕೆ, ಉದ್ದನೆಯ ದಾರ, ಅದನ್ನು ಸುತ್ತುವ ದೊಡ್ಡ ರಾಟೆ ಬೇಕು. ಮೀನು ಬಂಡೆಯಡಿ ಕೂತರೆ ಬಿಡಿಸಲು ಹರಿಗೋಲು ಬೇಕು. ಗಾಳದ ಕೋಲಿನ ಉದ್ದವನ್ನು ನಿರ್ಧರಿಸುವುದು ನೀರು. ಅಮೆರಿಕದ ಮಿನ್ನೆಸೋಟಾದಂಥ ಚಳಿ ಸೀಮೆಯಲ್ಲಿ ಕೆರೆ ಹೆಪ್ಪುಗಟ್ಟಿದಾಗ ಮಂಜುಗಡ್ಡೆಗೆ ಬೈರಿಗೆಯಿಂದ ತೂತು ಕೊರೆದು, ಎರಡು ಮೂರು ಅಡಿಯ ಗಿಡ್ಡ ಕೋಲಿನಿಂದ ದಾರ ಇಳಿಬಿಡುತ್ತಾರೆ. ಮಂಜುಗಡ್ಡೆ ನಾಲ್ಕು ಅಂಗುಲವಾದರೂ ದಪ್ಪ ಇಲ್ಲದಿದ್ದರೆ ಅದರ ಮೇಲೆ ಕಾಲಿಡಬೇಡಿ ಎಂಬುದು ಅಲ್ಲಿಯ ಮೊದಲ ಪಾಠ. ಕಾವೇರಿಯಲ್ಲಿ ಮೊದಲ ಪಾಠ ಮಳೆಗಾಲದ್ದು: ನೆರೆ ಇಳಿದು ನೀರು ತಿಳಿಯಾದ ಮೇಲೆಯೇ ಬನ್ನಿ.

ಥಾಮಸ್ ಬರೀ ಮೋಜಿನ ಮನುಷ್ಯನಾಗಿರಲಿಲ್ಲ. ಹೊಳೆಗೆ ವಿಷ ಹಾಕುವುದು, ಮರಿಗಳನ್ನು ಸಣ್ಣ ಕಣ್ಣಿನ ಬಲೆಗಳಲ್ಲಿ ಬಾಚುವುದು ನಿಲ್ಲಬೇಕೆಂದು ವಾದಿಸಿದವರಲ್ಲಿ ಅವನೊಬ್ಬ. ಇಂಥ ವಾದಗಳ ಫಲವಾಗಿ ಬಂದ 1897ರ ಮೀನುಗಾರಿಕೆ ಕಾಯಿದೆ ಸಿಡಿಮದ್ದು ಮತ್ತು ವಿಷದಿಂದ ಮೀನು ಕೊಲ್ಲುವುದನ್ನು ಅಪರಾಧವಾಗಿಸಿತು. ಗಾಳದ ಷೋಕಿ ಇದ್ದವರೇ ಹೊಳೆಯ ಪರವಾಗಿ ಮೊದಲು ಬಾಯಿ ತೆರೆದರು ಎಂಬುದನ್ನು ಒಪ್ಪಬೇಕು. ಅವರ ಕಾಳಜಿ ಹೊಳೆಗಿಂತ ಮುಂದಿನ ವರ್ಷದ ಮೀನಿನ ಮೇಲೆಯೇ ಹೆಚ್ಚಿತ್ತು ಎಂದರೂ ತಪ್ಪಾಗದು.

ಮೈಸೂರು ಸೀಮೆ ಆಗ ಈ ಆಟದ ಕಾಶಿಯಾಯಿತು. ಮೇಜರ್ ರಿವೆಟ್-ಕಾರ್ನಾಕ್ 1919ರ ಡಿಸೆಂಬರಿನಲ್ಲಿ ಹಿಡಿದ ಮಹಸೀರ್ 119 ಪೌಂಡು ತೂಗಿತು. ಮಹಾರಾಜರ ಹುಲಿಗಳ ಚರ್ಮಕ್ಕೆ ಜೀವಕಳೆ ಕೊಡುತ್ತಿದ್ದ ಮೈಸೂರಿನ ವ್ಯಾನ್ ಇಂಗೆನ್ ಮನೆತನದ ಡಿ ವೆಟ್ ವ್ಯಾನ್ ಇಂಗೆನ್ 1946ರಲ್ಲಿ ಕಬಿನಿಯಲ್ಲಿ 120 ಪೌಂಡಿನದನ್ನು ಎಳೆದ. ಒಂದು ಪೌಂಡಿನ ವ್ಯತ್ಯಾಸ! ಎರಡೂ ಸುಮಾರು 54 ಕಿಲೋ. ಒಬ್ಬ ಸಣಕಲು ಆಳಿನ ತೂಕ. 1970ರ ದಶಕದಲ್ಲಿ ಕಬಿನಿ ಅಣೆಕಟ್ಟೆ ಮುಗಿದು ಆ ನೀರಿನ ಸ್ವರೂಪವೇ ಬದಲಾಯಿತು.

ಸ್ವಾತಂತ್ರ್ಯದ ಬಳಿಕ ಇಂಗ್ಲಿಷರು ಹೋದರು, ಡೈನಮೈಟು ಉಳಿಯಿತು. ದೊಡ್ಡ ಮಹಸೀರ್ ಮುಗಿದೇಹೋಯಿತು ಎಂದುಕೊಂಡಿದ್ದಾಗ, 1977-78ರಲ್ಲಿ ಬ್ರಿಟನ್ನಿನ ಮೂವರು ತರುಣರು 'ಟ್ರಾನ್ಸ್ ವರ್ಲ್ಡ್ ಫಿಶಿಂಗ್ ಟೀಮ್' ಎಂಬ ಹೆಸರಿನಲ್ಲಿ ಬಂದು ಕಾವೇರಿಯಲ್ಲಿ ಅದನ್ನು ಮತ್ತೆ ಹಿಡಿದು ತೋರಿಸಿದರು. ಬೆಂಗಳೂರಿನಲ್ಲಿ 1972ರಲ್ಲಿ ಹುಟ್ಟಿದ್ದ ದಕ್ಷಿಣ ಭಾರತ ವನ್ಯಜೀವಿ ಸಂಘ, ಅಂದರೆ 'ವಾಸಿ', ಹೊಳೆಯ ಒಂದು ಭಾಗವನ್ನು ಗುತ್ತಿಗೆ ಹಿಡಿದು ಕಾಯುತ್ತಿತ್ತು. 1980ರಲ್ಲಿ ಸ್ಥಾಪನೆಯಾದ ಜಂಗಲ್ ಲಾಡ್ಜಸ್ ಸಂಸ್ಥೆ ಮುಂದೆ ಭೀಮೇಶ್ವರಿ, ದೊಡ್ಡಮಾಕಳಿ, ಗಾಳಿಬೋರೆಗಳಲ್ಲಿ ಶಿಬಿರ ನಡೆಸಿತು.

ಅಲ್ಲಿಗೆ ಹೋಗುವುದೆಂದರೆ ತಿಂಗಳುಗಳ ಮೊದಲೇ ಯೋಜನೆ. ವಿದೇಶಿಯರು ಚಳಿಗಾಲದಿಂದ ಬೇಸಿಗೆಯ ನಡುವಿನ ವಾರಗಳನ್ನು ಕಾದಿರಿಸಿ, ದಪ್ಪ ಕೋಲುಗಳನ್ನು ಹೊತ್ತು ವಿಮಾನದಲ್ಲಿ ಬರುತ್ತಿದ್ದರು. ಇಷ್ಟೆಲ್ಲ ತಂದರೂ ಕೊಕ್ಕೆಯ ತುದಿಗೆ ಅಂಟುತ್ತಿದ್ದುದು ಮಾತ್ರ ಮಂಡ್ಯದ ರಾಗಿ! ಬೇಯಿಸಿ, ಗಟ್ಟಿಯಾಗಿ ಮಿದ್ದು, ನಿಂಬೆಹಣ್ಣಿನ ಗಾತ್ರಕ್ಕೂ ಅದಕ್ಕಿಂತ ದೊಡ್ಡದಕ್ಕೂ ಕಟ್ಟಿದ ಮುದ್ದೆ. ಅದನ್ನು ಕಟ್ಟುತ್ತಿದ್ದವರು, ಮೀನು ಎಲ್ಲಿ ನಿಂತಿದೆಯೆಂದು ಹೇಳುತ್ತಿದ್ದವರು, ಹರಿಗೋಲು ಹಾಕುತ್ತಿದ್ದವರು ಸುತ್ತಲ ಹಳ್ಳಿಗಳ ಜನ. ಮುಂಚೆ ಸಿಡಿಮದ್ದು ಹಾಕುತ್ತಿದ್ದವರಲ್ಲಿ ಕೆಲವರಿಗೂ ಇಲ್ಲಿ ಕೆಲಸ ಸಿಕ್ಕಿತು. ಹಿಡಿದ ಮೀನನ್ನು ತೂಗಿ, ಫೋಟೋ ತೆಗೆದು, ಮತ್ತೆ ಹೊಳೆಗೆ ಬಿಡಬೇಕೆಂಬುದು ಶಿಬಿರದ ಕಟ್ಟಳೆ.

ಇದರಲ್ಲಿ ಒಂದು ಅನ್ಯಾಯವೂ ಅಡಗಿತ್ತು. ಅದೇ ಹೊಳೆಯಲ್ಲಿ ಊಟಕ್ಕೆಂದು ಗಾಳ ಹಾಕಿದ ಹಳ್ಳಿಗ ಕಳ್ಳ. ಆಟಕ್ಕೆಂದು ಹಾಕಿದ ದೂರದ ಹಣವಂತ ಅತಿಥಿ. ಕಲಘಟಗಿಯ ಕೆರೆ ದಂಡೆಯವನಿಗೆ ಈ ನ್ಯಾಯವನ್ನು ತಿಳಿಸಿ ಹೇಳುವುದು ಸುಲಭವಲ್ಲ. ಹಾಗೆಂದು ಶಿಬಿರಗಳಿಂದ ಹೊಳೆಗೆ ಒಳಿತಾಗಲಿಲ್ಲ ಎನ್ನುವಂತೆಯೂ ಇಲ್ಲ. ಅದಕ್ಕೆ ಸಾಕ್ಷಿ ಒಂದು ದಾಖಲೆ ಪುಸ್ತಕ.

ಗಾಳಿಬೋರೆಯಲ್ಲಿ ಯಾರು ಎಷ್ಟು ಗಂಟೆ ಗಾಳ ಹಾಕಿದರು, ಎಷ್ಟು ಮೀನು ಸಿಕ್ಕಿತು, ತೂಕವೆಷ್ಟು ಎಂಬುದನ್ನು ಬರೆದಿಡುವ ಪದ್ಧತಿ ಇತ್ತು. 1998ರಿಂದ 2012ರವರೆಗಿನ ಈ ಲೆಕ್ಕವನ್ನು ಏಡ್ರಿಯನ್ ಪಿಂಡರ್, ರಾಜೀವ್ ರಾಘವನ್ ಮೊದಲಾದ ವಿಜ್ಞಾನಿಗಳು ಜಾಲಾಡಿ 2015ರಲ್ಲಿ ಫಲಿತಾಂಶ ಪ್ರಕಟಿಸಿದರು. 23 ಸಾವಿರಕ್ಕೂ ಹೆಚ್ಚು ಗಂಟೆಗಳ ಗಾಳ, ಆರು ಸಾವಿರಕ್ಕೂ ಹೆಚ್ಚು ಮಹಸೀರ್. ವರ್ಷ ಕಳೆದಂತೆ ಸಿಗುವ ಮೀನಿನ ಸಂಖ್ಯೆ ಏರಿತ್ತು. ಕಾವಲು ಫಲಿಸಿದೆ ಎಂದು ಹಿಗ್ಗಬಹುದಾದ ಲೆಕ್ಕ.

ಆದರೆ ಏರಿದ್ದು ಬೇರೆ ಮೀನಿನ ಸಂಖ್ಯೆ. ಕಾವೇರಿಯ ಹೆಸರು ಜಗತ್ತಿಗೆ ಮುಟ್ಟಿದ್ದು ಬೆನ್ನ ಮೇಲೆ ಡುಬ್ಬವಿರುವ, ಕಿತ್ತಳೆ ಛಾಯೆಯ ಈಜುರೆಕ್ಕೆಯ ಮಹಸೀರ್‌ನಿಂದ. ಪುಸ್ತಕದಲ್ಲಿ ಹೆಚ್ಚುತ್ತ ಹೋದದ್ದು ನೀಲಿ ಈಜುರೆಕ್ಕೆಯದು. ಅದರ ಮೂಲ ಪುಣೆಯ ಕಡೆಯ ಹೊಳೆಗಳು; ಸೈಕ್ಸ್ ಎಂಬ ಸೇನಾಧಿಕಾರಿ 1839ರಲ್ಲಿ ಅಲ್ಲಿಯ ಮೀನನ್ನು ನೋಡಿಯೇ ಅದಕ್ಕೆ ಹೆಸರಿಟ್ಟಿದ್ದ. ಮಹಸೀರ್ ಅಳಿಯುತ್ತಿದೆಯೆಂಬ ಕಳವಳದಿಂದ ಟಾಟಾ ವಿದ್ಯುತ್ ಕಂಪನಿ 1970ರ ದಶಕದಿಂದ ಲೋಣಾವಳದಲ್ಲಿ ಮರಿ ಮಾಡಿಸಿ ಹಲವು ರಾಜ್ಯಗಳಿಗೆ ಕೊಟ್ಟಿತು. ಕಾವೇರಿಗೂ ಅವು ಬಂದವು. ಎಲ್ಲರದೂ ಒಳ್ಳೆಯ ಉದ್ದೇಶವೇ. ಮಹಸೀರ್ ಎಲ್ಲ ಒಂದೇ ಎಂದು ತಿಳಿದದ್ದೇ ಎಡವಟ್ಟಾಯಿತು. ಡುಬ್ಬದ ಮೀನು ಕಡಿಮೆಯಾಗುತ್ತ ಬಂತು. ಸಿಕ್ಕವೆಲ್ಲ ದೊಡ್ಡವು, ಮುದಿಯವು. ಸಣ್ಣವು ಕಾಣದಾದವು, ಅಂದರೆ ಹೊಸ ಪೀಳಿಗೆ ಬರುತ್ತಿಲ್ಲ. ಅಣೆಕಟ್ಟೆ, ಮರಳು ತೆಗೆಯುವುದು, ಕೊಳೆ ನೀರು, ಸಿಡಿಮದ್ದುಗಳ ಪಾಲು ಇದರಲ್ಲಿ ಇಲ್ಲವೆಂದಲ್ಲ. ಆದರೂ ನೂರು ವರ್ಷ ಗಾಳ ಹಾಕಿದವರು ದೊಡ್ಡದಕ್ಕಾಗಿ ಕಾದರೇ ಹೊರತು, ಇದು ಯಾವ ಮೀನು ಎಂದು ಕೇಳಲಿಲ್ಲ.

ಅದಕ್ಕೆ ಉತ್ತರ ಬಂದದ್ದು 2018ರಲ್ಲಿ. ತಮಿಳುನಾಡಿನ ಮೋಯಾರ್ ಹೊಳೆಯಲ್ಲಿ ಸಿಕ್ಕ ಡುಬ್ಬದ ಮಹಸೀರ್‌ನ ವಂಶವಾಹಿಗಳನ್ನು ಪರೀಕ್ಷಿಸಿದಾಗ, ಕೇರಳದ ಪಾಂಬಾರ್ ಹೊಳೆಯ ಮೀನಿಗೆ ಕೆಲವೇ ವರ್ಷಗಳ ಹಿಂದೆ ಇಟ್ಟಿದ್ದ 'ಟಾರ್ ರೇಮಾದೇವಿ' ಎಂಬ ಹೆಸರು ಇದಕ್ಕೂ ಸಲ್ಲುತ್ತದೆಂದು ತಿಳಿಯಿತು. ಆ ಹೆಸರು ಮತ್ಸ್ಯವಿಜ್ಞಾನಿ ಕೆ. ರೇಮಾದೇವಿಯವರ ಗೌರವಾರ್ಥ. ಹೆಸರು ಸಿಕ್ಕ ವರ್ಷವೇ ಅಂತಾರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಅದು ಅಳಿವಿನ ಅಂಚಿನ, ಅತಿ ಅಪಾಯದ ಜೀವಿಯಾಗಿ ಸೇರಿತು. ಕಾವೇರಿ ಮತ್ತು ಅದರ ಉಪನದಿಗಳನ್ನು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಅದರ ನೆಲೆಯಿಲ್ಲ.

ಅಷ್ಟು ಹೊತ್ತಿಗೆ ಶಿಬಿರಗಳಲ್ಲಿ ಗಾಳ ನಿಂತುಹೋಗಿತ್ತು. 1987ರಲ್ಲಿ ಘೋಷಣೆಯಾದ ಕಾವೇರಿ ವನ್ಯಜೀವಿಧಾಮದೊಳಗೆ ಗಾಳ ಹಾಕುವುದು ವನ್ಯಜೀವಿ ಕಾಯಿದೆಯ ಪ್ರಕಾರ ಬೇಟೆಯೇ ಎಂಬ ನಿಲುವು ಗಟ್ಟಿಯಾಗಿ, 2012ರ ಹೊತ್ತಿಗೆ ಆಟ ಮುಗಿಯಿತು. ಅಭಯಾರಣ್ಯದಲ್ಲಿ ಜಿಂಕೆಗೊಂದು ಕಾನೂನು, ಮೀನಿಗೊಂದು ಕಾನೂನು ಏಕೆ ಎಂಬ ಪ್ರಶ್ನೆಗೆ ಗಾಳದವರಲ್ಲಿ ಸರಿಯಾದ ಉತ್ತರವಿರಲಿಲ್ಲ. ಬಿಟ್ಟ ಮೀನೂ ಕೊಕ್ಕೆಯ ನೋವು ತಿಂದದ್ದೇ. ಇತ್ತ, ದಿನವಿಡೀ ದಂಡೆಯಲ್ಲಿ ಇರುತ್ತಿದ್ದ ಕಣ್ಣುಗಳು ಇಲ್ಲವಾದ ಮೇಲೆ ಸಿಡಿಮದ್ದಿನವರನ್ನು ತಡೆಯುವವರಾರು ಎಂಬ ಗಾಳದವರ ಪ್ರಶ್ನೆಯೂ ಹುರುಳಿಲ್ಲದ್ದಲ್ಲ.

ಭೀಮೇಶ್ವರಿಯ ಶಿಬಿರ ಈಗ ಪ್ರಕೃತಿ ಶಿಬಿರ. ಬಂದವರು ಹರಿಗೋಲಿನಲ್ಲಿ ಸುತ್ತುತ್ತಾರೆ, ಹಕ್ಕಿ ನೋಡುತ್ತಾರೆ. ಗಾಳಿಬೋರೆಯ ಮೀನಿನ ಲೆಕ್ಕ 2012ಕ್ಕೆ ನಿಂತಿದೆ.