ಸಾಕುನಾಯಿ ಮತ್ತು ಬೆಕ್ಕುಗಳಿಗೆ ಪಶುವೈದ್ಯರ ಆಯ್ಕೆ ಹಾಗೂ ಆರೈಕೆ ವೆಚ್ಚದ ನಿರ್ವಹಣೆ: ಬೆಳ್ತಂಗಡಿ, ಬಂಟ್ವಾಳ ಮತ್ತು ಮೂಡುಬಿದಿರೆ ತಾಲ್ಲೂಕುಗಳ ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ದಕ್ಷಿಣ ಕನ್ನಡ ಜಿಲ್ಲೆಯ ಗ್ರಾಮಾಂತರ ಪ್ರದೇಶದಲ್ಲಿ ನಾಯಿಯಿಲ್ಲದ ತೋಟದ ಮನೆ ವಿರಳ. ಧರ್ಮಸ್ಥಳ, ಉಜಿರೆ, ವೇಣೂರು ಮುಂತಾದೆಡೆ ಮನೆಗಳು ಅಡಿಕೆ ತೋಟಗಳ ನಡುವೆ ದೂರದೂರವಾಗಿರುವುದರಿಂದ ನಾಯಿಯು ಮನೆಯ ಕಾವಲಿಗೂ, ಬೆಕ್ಕು ಇಲಿಗಳ ನಿಯಂತ್ರಣಕ್ಕೂ ಅವಶ್ಯವೆನಿಸಿವೆ. ಆದರೆ ಹಟ್ಟಿಯ ಹಸುವಿಗೆ ಜ್ವರ ಬಂದ ದಿನವೇ ಪಶುವೈದ್ಯರನ್ನು ಕರೆಯುವ ಕುಟುಂಬವು ನಾಯಿ ಆಹಾರ ಬಿಟ್ಟು ಮೂರು ದಿನಗಳಾದರೂ ಕಾಯುವುದುಂಟು. ಹೀಗೆ ಕಾಯುವುದರಿಂದ ರೋಗವು ಉಲ್ಬಣಿಸಿ ವೆಚ್ಚವು ಹೆಚ್ಚಾಗುತ್ತದೆ; ಹಲವು ವೇಳೆ ಪ್ರಾಣಿಯೂ ಉಳಿಯುವುದಿಲ್ಲ. ರೇಬೀಸ್‌ನಂತಹ ರೋಗಗಳಲ್ಲಿ ಮನೆಯವರ ಪ್ರಾಣಕ್ಕೂ ಅಪಾಯವಿದೆ. ಅರ್ಹ ಪಶುವೈದ್ಯರನ್ನು ಗುರುತಿಸುವ ಬಗೆ, ಲಭ್ಯವಿರುವ ಸೇವೆಗಳು ಹಾಗೂ ವೆಚ್ಚವನ್ನು ಮಿತಿಯಲ್ಲಿಡುವ ಕ್ರಮಗಳನ್ನು ಈ ಕೆಳಗೆ ವಿವರಿಸಲಾಗಿದೆ.

2. ಪಶುವೈದ್ಯರೆಂದರೆ ಯಾರು?

ಭಾರತೀಯ ಪಶುವೈದ್ಯ ಪರಿಷತ್ ಅಧಿನಿಯಮ, 1984ರ ಪ್ರಕಾರ ಪಶುವೈದ್ಯ ವಿಜ್ಞಾನ ಮತ್ತು ಪಶುಸಂಗೋಪನೆಯಲ್ಲಿ ಮಾನ್ಯತೆ ಪಡೆದ ಪದವಿ ಹೊಂದಿ, ಪರಿಷತ್ತಿನಲ್ಲಿ ನೋಂದಾಯಿಸಿಕೊಂಡವರು ಮಾತ್ರ ಪಶುವೈದ್ಯ ವೃತ್ತಿಯನ್ನು ನಡೆಸಬಹುದು. ನಮ್ಮ ರಾಜ್ಯದಲ್ಲಿ ಈ ನೋಂದಣಿಯನ್ನು ಕರ್ನಾಟಕ ಪಶುವೈದ್ಯ ಪರಿಷತ್ತು ನಿರ್ವಹಿಸುತ್ತದೆ. ನೋಂದಾಯಿತ ವೈದ್ಯರ ಔಷಧಿ ಚೀಟಿಯಲ್ಲಿ ಹೆಸರು, ಪದವಿ ಮತ್ತು ನೋಂದಣಿ ಸಂಖ್ಯೆ ಇರಬೇಕು. ಇದನ್ನು ಕೇಳಿ ತಿಳಿದುಕೊಳ್ಳುವುದು ಸಾರ್ವಜನಿಕರ ಹಕ್ಕಾಗಿದ್ದು, ಇದರಲ್ಲಿ ಸಂಕೋಚಪಡಬೇಕಾದ ಕಾರಣವಿಲ್ಲ.

ಇಲಾಖೆಯ ಪಶುವೈದ್ಯಕೀಯ ಪರೀಕ್ಷಕರು ಪ್ರಥಮ ಚಿಕಿತ್ಸೆ, ಲಸಿಕೆ ನೀಡಿಕೆ ಹಾಗೂ ಕೃತಕ ಗರ್ಭಧಾರಣೆಯಂತಹ ಕೆಲಸಗಳನ್ನು ಪಶುವೈದ್ಯರ ಮೇಲ್ವಿಚಾರಣೆಯಲ್ಲಿ ನಿರ್ವಹಿಸುತ್ತಾರೆ. ಇವರ ಸೇವೆ ಹಳ್ಳಿಗಳಲ್ಲಿ ಬಹಳ ಉಪಯುಕ್ತವಾದುದು. ಆದರೆ ಶಸ್ತ್ರಚಿಕಿತ್ಸೆ, ಅರಿವಳಿಕೆ ಮತ್ತು ಗಂಭೀರ ರೋಗಗಳ ನಿರ್ಣಯವು ವೈದ್ಯರಿಂದಲೇ ಆಗತಕ್ಕದ್ದು. ಯಾವುದೇ ಅರ್ಹತೆಯಿಲ್ಲದೆ ಚುಚ್ಚುಮದ್ದು ನೀಡುವವರಿಂದಲೂ, ನಾಯಿಮರಿ ಮಾರುವವರೇ ಲಸಿಕೆ ಹಾಕಿ ಪುಸ್ತಕ ಬರೆದುಕೊಡುವ ಪದ್ಧತಿಯಿಂದಲೂ ದೂರವಿರುವುದು. ಲಸಿಕೆಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಸಂಗ್ರಹಿಸಿಡದಿದ್ದಲ್ಲಿ ಅದು ಶಕ್ತಿ ಕಳೆದುಕೊಳ್ಳುತ್ತದೆ. ಪುಸ್ತಕದಲ್ಲಿ ದಿನಾಂಕವಿದ್ದರೂ ಪ್ರಾಣಿಯ ದೇಹದಲ್ಲಿ ರಕ್ಷಣೆ ಇರುವುದಿಲ್ಲ.

3. ಲಭ್ಯವಿರುವ ಸೇವೆಗಳು

ಅ) ಸರ್ಕಾರಿ ಸಂಸ್ಥೆಗಳು: ತಾಲ್ಲೂಕು ಕೇಂದ್ರಗಳಲ್ಲಿ ಪಶು ಆಸ್ಪತ್ರೆಯೂ, ಹೋಬಳಿ ಮತ್ತು ಗ್ರಾಮ ಮಟ್ಟದಲ್ಲಿ ಪಶು ಚಿಕಿತ್ಸಾಲಯಗಳು ಹಾಗೂ ಪ್ರಾಥಮಿಕ ಪಶು ಚಿಕಿತ್ಸಾ ಕೇಂದ್ರಗಳೂ ಇವೆ. ಹೆಚ್ಚಿನ ಪರೀಕ್ಷೆಗೆ ಮಂಗಳೂರಿನಲ್ಲಿ ಪಾಲಿಕ್ಲಿನಿಕ್ ಇರುತ್ತದೆ. ಇಲ್ಲಿ ತಪಾಸಣೆಯ ವೆಚ್ಚ ಅತ್ಯಲ್ಪ. ಇಲಾಖೆಯ ದಾಸ್ತಾನು ಮುಖ್ಯವಾಗಿ ಜಾನುವಾರುಗಳಿಗೆ ಸಂಬಂಧಿಸಿದುದಾದ್ದರಿಂದ ನಾಯಿ, ಬೆಕ್ಕುಗಳ ಕೆಲವು ಔಷಧಿ ಮತ್ತು ಲಸಿಕೆಗಳನ್ನು ಹೊರಗಿನಿಂದ ಖರೀದಿಸಬೇಕಾಗಬಹುದು. ವೈದ್ಯರು ಹಳ್ಳಿ ಭೇಟಿಯಲ್ಲಿರುವ ಸಾಧ್ಯತೆ ಇರುವುದರಿಂದ ದೂರವಾಣಿಯಲ್ಲಿ ವಿಚಾರಿಸಿ ಹೋಗುವುದು ಸೂಕ್ತ.

ಆ) ಸಂಚಾರಿ ಪಶು ಚಿಕಿತ್ಸಾ ಘಟಕ: 1962 ಎಂಬ ಉಚಿತ ಸಂಖ್ಯೆಗೆ ಕರೆ ಮಾಡಿ ಈ ಸೇವೆಯನ್ನು ಪಡೆಯಬಹುದು. ಈ ವಾಹನಗಳು ಮುಖ್ಯವಾಗಿ ಜಾನುವಾರುಗಳ ತುರ್ತು ಚಿಕಿತ್ಸೆಗಾಗಿ ಇವೆ. ನಾಯಿ, ಬೆಕ್ಕುಗಳಿಗೆ ಸೇವೆ ದೊರೆಯುವುದೇ ಎಂಬುದನ್ನು ಕರೆ ಮಾಡಿದಾಗಲೇ ಕೇಳಿಕೊಳ್ಳುವುದು.

ಇ) ಖಾಸಗಿ ಚಿಕಿತ್ಸಾಲಯಗಳು: ಎಕ್ಸ್‌ರೇ, ಸ್ಕ್ಯಾನಿಂಗ್, ರಕ್ತಪರೀಕ್ಷೆ ಮತ್ತು ಒಳರೋಗಿ ವ್ಯವಸ್ಥೆಗಳಿಗೆ ಸಾಮಾನ್ಯವಾಗಿ ಮಂಗಳೂರನ್ನು ಅವಲಂಬಿಸಬೇಕಾಗುತ್ತದೆ. ಧರ್ಮಸ್ಥಳದಿಂದ ಮಂಗಳೂರಿಗೆ ಸುಮಾರು 75 ಕಿಲೋಮೀಟರ್ ದೂರವಿದೆ. ಬಂಟ್ವಾಳ ಮತ್ತು ಮೂಡುಬಿದಿರೆಯವರಿಗೆ ದೂರ ಇದರ ಅರ್ಧಕ್ಕಿಂತ ಕಡಿಮೆ. ಬಾಡಿಗೆ ವಾಹನದ ಖರ್ಚು ವೈದ್ಯರ ಶುಲ್ಕಕ್ಕಿಂತ ಅಧಿಕವಾಗುವ ಪ್ರಸಂಗಗಳು ಧರ್ಮಸ್ಥಳದ ಭಾಗದಲ್ಲಿ ಸಾಮಾನ್ಯ. ಆದ್ದರಿಂದ ಸಮೀಪದ ಪಶುವೈದ್ಯರಿಂದ ಮೊದಲು ತಪಾಸಣೆ ಮಾಡಿಸಿ, ಅವರ ಶಿಫಾರಸು ಪತ್ರದೊಂದಿಗೆ ನಗರಕ್ಕೆ ಹೋಗುವುದರಿಂದ ಎರಡನೆಯ ಪ್ರಯಾಣ ಹಾಗೂ ಪುನರಾವರ್ತಿತ ಪರೀಕ್ಷೆ ತಪ್ಪುತ್ತವೆ.

4. ವೈದ್ಯರನ್ನು ಆಯ್ಕೆ ಮಾಡುವಾಗ ಗಮನಿಸಬೇಕಾದ ಅಂಶಗಳು

ಪ್ರಾಣಿ ಆರೋಗ್ಯವಾಗಿರುವಾಗಲೇ ವೈದ್ಯರನ್ನು ಆಯ್ಕೆ ಮಾಡಿಕೊಳ್ಳತಕ್ಕದ್ದು. ಮೊದಲ ಲಸಿಕೆಯ ಭೇಟಿಯೇ ಇದಕ್ಕೆ ಯೋಗ್ಯ ಸಂದರ್ಭ. ಆಗ ಕೆಳಕಂಡ ವಿಷಯಗಳನ್ನು ತಿಳಿದುಕೊಳ್ಳುವುದು:

• ನಾಯಿ, ಬೆಕ್ಕುಗಳ ಚಿಕಿತ್ಸೆಯನ್ನು ನಿಯಮಿತವಾಗಿ ಮಾಡುವರೇ, ಹೆಚ್ಚಾಗಿ ಜಾನುವಾರುಗಳನ್ನೇ ನೋಡುವರೇ?
• ರಾತ್ರಿ ವೇಳೆ ಹಾಗೂ ರಜಾದಿನಗಳಲ್ಲಿ ಯಾರನ್ನು ಸಂಪರ್ಕಿಸಬೇಕು?
• ಲಸಿಕೆಗಳನ್ನು ಶೀತಕದಲ್ಲಿ ಇಟ್ಟಿರುವರೇ? ವಿದ್ಯುತ್ ನಿಲುಗಡೆಯಾದಾಗ ವ್ಯವಸ್ಥೆ ಏನು?
• ಚಿಕಿತ್ಸೆಯ ಮೊದಲು ಅಂದಾಜು ವೆಚ್ಚವನ್ನು ತಿಳಿಸುವರೇ? ರಸೀದಿ ನೀಡುವರೇ?
• ರೋಗ ಯಾವುದು, ಔಷಧಿ ಏತಕ್ಕೆ ಎಂಬುದನ್ನು ಅರ್ಥವಾಗುವಂತೆ ಹೇಳುವರೇ?
• ತಮ್ಮಲ್ಲಿ ಆಗದ ಚಿಕಿತ್ಸೆಗೆ ಬೇರೆಡೆಗೆ ಕಳುಹಿಸುವರೇ?

ಕೊನೆಯ ಅಂಶ ಮುಖ್ಯವಾದುದು. ತಮ್ಮ ಮಿತಿಯನ್ನು ತಿಳಿದು ಸಕಾಲದಲ್ಲಿ ಬೇರೆಡೆಗೆ ಕಳುಹಿಸುವ ವೈದ್ಯರು ಪ್ರಾಣಿಯ ಜೀವವನ್ನೂ ಮಾಲೀಕರ ಹಣವನ್ನೂ ಉಳಿಸುತ್ತಾರೆ. ಶುಲ್ಕ ಕಡಿಮೆ ಎಂಬ ಒಂದೇ ಕಾರಣದಿಂದ ಅಥವಾ ಕಟ್ಟಡ ದೊಡ್ಡದೆಂಬ ಕಾರಣದಿಂದ ವೈದ್ಯರನ್ನು ಆಯ್ಕೆ ಮಾಡುವುದು ಸೂಕ್ತವಲ್ಲ.

5. ಖರ್ಚು ಮಾಡಲೇಬೇಕಾದ ಬಾಬುಗಳು

ಆದಾಯ ಸೀಮಿತವಾಗಿರುವ ಕುಟುಂಬಗಳು ಈ ಕೆಳಗಿನ ಬಾಬುಗಳಿಗೆ ಮೊದಲ ಆದ್ಯತೆ ನೀಡತಕ್ಕದ್ದು.

5.1 ರೇಬೀಸ್ ಲಸಿಕೆ: ಹುಚ್ಚುನಾಯಿ ರೋಗದ ಲಕ್ಷಣಗಳು ಕಾಣಿಸಿಕೊಂಡ ನಂತರ ಪ್ರಾಣಿಗಾಗಲಿ ಮನುಷ್ಯರಿಗಾಗಲಿ ಪರಿಣಾಮಕಾರಿ ಚಿಕಿತ್ಸೆಯಿಲ್ಲ. ಮರಿಗೆ ಮೂರು ತಿಂಗಳಾದಾಗ ಮೊದಲ ಲಸಿಕೆ, ವೈದ್ಯರು ಸೂಚಿಸಿದಂತೆ ಬೂಸ್ಟರ್, ತದನಂತರ ಪ್ರತಿ ವರ್ಷ ಲಸಿಕೆ ಕಡ್ಡಾಯವಾಗಿ ಹಾಕಿಸುವುದು. ಬೆಕ್ಕುಗಳಿಗೂ ಇದು ಅನ್ವಯಿಸುತ್ತದೆ. ಸೆಪ್ಟೆಂಬರ್ 28ರ ವಿಶ್ವ ರೇಬೀಸ್ ದಿನದ ಆಸುಪಾಸಿನಲ್ಲಿ ಪಶು ಆಸ್ಪತ್ರೆಗಳು ಹಾಗೂ ಸ್ಥಳೀಯ ಸಂಸ್ಥೆಗಳು ನಡೆಸುವ ಉಚಿತ ಶಿಬಿರಗಳ ಸದುಪಯೋಗ ಪಡೆಯುವುದು.

ಯಾವುದೇ ನಾಯಿ ಅಥವಾ ಬೆಕ್ಕು ಕಚ್ಚಿದಲ್ಲಿ, ಗಾಯವನ್ನು ಹರಿಯುವ ನೀರು ಮತ್ತು ಸಾಬೂನಿನಿಂದ 15 ನಿಮಿಷ ತೊಳೆದು ಅದೇ ದಿನ ಆರೋಗ್ಯ ಕೇಂದ್ರಕ್ಕೆ ಹೋಗತಕ್ಕದ್ದು. ಮನುಷ್ಯರಿಗೆ ನೀಡುವ ಲಸಿಕೆಯು ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ದೊರೆಯುತ್ತದೆ. ಕಚ್ಚಿದ ಪ್ರಾಣಿಯನ್ನು ಕೊಲ್ಲದೆ, ಸುರಕ್ಷಿತವಾಗಿ ಪ್ರತ್ಯೇಕಿಸಿ 10 ದಿನ ಗಮನಿಸುವುದು. ಈ ಹತ್ತು ದಿನ ಮುಗಿಯಲೆಂದು ಮನುಷ್ಯರ ಚಿಕಿತ್ಸೆಯನ್ನು ಮುಂದೂಡಬಾರದು.

5.2 ಸಾಂಕ್ರಾಮಿಕ ರೋಗಗಳ ಲಸಿಕೆ: ಪಾರ್ವೋ ರೋಗದಲ್ಲಿ ಮರಿಗೆ ವಾಂತಿ ಮತ್ತು ರಕ್ತಭೇದಿಯಾಗಿ, ದಿನಗಟ್ಟಲೆ ಡ್ರಿಪ್ ನೀಡಿದರೂ ಸಾವು ಸಂಭವಿಸಬಹುದು. ಇದರ ಲಸಿಕೆಯನ್ನು 6ರಿಂದ 8 ವಾರಗಳ ವಯಸ್ಸಿನಲ್ಲಿ ಆರಂಭಿಸಿ, 3-4 ವಾರಗಳ ಅಂತರದಲ್ಲಿ, 16 ವಾರ ತುಂಬಿದ ಮೇಲೆ ಕೊನೆಯ ಮಾತ್ರೆ ದೊರೆಯುವಂತೆ ಪೂರ್ಣಗೊಳಿಸುವುದು. ಒಂದು ಚುಚ್ಚುಮದ್ದಿಗೆ ನಿಲ್ಲಿಸಿದ ಮರಿಗಳಲ್ಲಿ ರೋಗ ಬರುವ ಸಂಭವವಿರುತ್ತದೆ. ನಮ್ಮಲ್ಲಿ ಮಳೆಗಾಲ ದೀರ್ಘವಾಗಿದ್ದು ತೋಟ, ಗದ್ದೆಗಳಲ್ಲಿ ಇಲಿಗಳಿರುವುದರಿಂದ ಇಲಿಜ್ವರದ ಲಸಿಕೆಯ ಬಗ್ಗೆಯೂ ವೈದ್ಯರಲ್ಲಿ ಕೇಳುವುದು. ಈ ರೋಗವು ನಾಯಿಯ ಮೂತ್ರದ ಮೂಲಕ ಮನುಷ್ಯರಿಗೂ ಹರಡಬಲ್ಲದು.

5.3 ಉಣ್ಣೆ ಮತ್ತು ಜಂತುಹುಳು ನಿವಾರಣೆ: ಉಣ್ಣೆಗಳಿಂದ ಹರಡುವ ರಕ್ತರೋಗಗಳಲ್ಲಿ ನಾಯಿಗೆ ಜ್ವರ, ರಕ್ತಹೀನತೆ ಮತ್ತು ಮೂಗಿನಲ್ಲಿ ರಕ್ತಸ್ರಾವ ಉಂಟಾಗುತ್ತವೆ. ಚಿಕಿತ್ಸೆ ವಾರಗಟ್ಟಲೆ ನಡೆಯಬೇಕಾಗುವುದರಿಂದ ಉಣ್ಣೆ ನಿವಾರಣೆಯ ಖರ್ಚು ಉಳಿತಾಯವೇ ಸರಿ. ನಾಯಿಯ ಮೈಗೆ ಮಾತ್ರವಲ್ಲದೆ ಗೂಡು, ಗೋಡೆಯ ಬಿರುಕು ಹಾಗೂ ಗೋಣಿಚೀಲಗಳನ್ನೂ ಶುಚಿಗೊಳಿಸತಕ್ಕದ್ದು. ದನಗಳಿಗೆ ತಂದ ಉಣ್ಣೆನಾಶಕ ದ್ರಾವಣವನ್ನು ಅಳತೆಯಿಲ್ಲದೆ ನಾಯಿಗೆ ಹಚ್ಚಬಾರದು. ನಾಯಿಯ ಕೆಲವು ಔಷಧಿಗಳು ಬೆಕ್ಕಿಗೆ ವಿಷವಾಗುತ್ತವೆ. ಕ್ಯಾಸನೂರು ಕಾಡಿನ ಕಾಯಿಲೆಯು 1957ರಲ್ಲಿ ಶಿವಮೊಗ್ಗ ಜಿಲ್ಲೆಯಲ್ಲಿ ಪತ್ತೆಯಾಗಿ, 1982-83ರಲ್ಲಿ ಬೆಳ್ತಂಗಡಿ ತಾಲ್ಲೂಕಿನಲ್ಲಿಯೂ ಕಾಣಿಸಿಕೊಂಡಿತ್ತು. ಅದನ್ನು ಹರಡುವ ಕಾಡಿನ ಉಣ್ಣೆ ಬೇರೆ ಜಾತಿಯದಾದರೂ, ಕಾಡಂಚಿಗೆ ಹೋಗಿಬರುವ ನಾಯಿಯ ಮೈ ಪರೀಕ್ಷಿಸುವುದು ಮತ್ತು ಉಣ್ಣೆಗಳನ್ನು ಬರಿಗೈಯಿಂದ ಹಿಸುಕದಿರುವುದು ಕ್ಷೇಮಕರ. ಜಂತುಹುಳುವಿನ ಔಷಧಿಯನ್ನು ಮರಿಗಳಿಗೆ ವೈದ್ಯರು ಹೇಳಿದ ಅಂತರದಲ್ಲಿಯೂ, ಬೆಳೆದ ನಾಯಿಗಳಿಗೆ ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆಯೂ ನೀಡುವುದು.

5.4 ಸಂತಾನಹರಣ ಶಸ್ತ್ರಚಿಕಿತ್ಸೆ: ಇದು ಒಮ್ಮೆ ಮಾಡುವ ವೆಚ್ಚ. ಹೆಣ್ಣುನಾಯಿಗಳಲ್ಲಿ ವಯಸ್ಸಾದಂತೆ ಬರುವ ಗರ್ಭಕೋಶದ ಕೀವು ಇದರಿಂದ ತಪ್ಪುತ್ತದೆ. ಬೇಡವಾದ ಮರಿಗಳನ್ನು ಪೇಟೆ ಅಥವಾ ರಸ್ತೆ ಬದಿಯಲ್ಲಿ ಬಿಟ್ಟುಬರುವುದು ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಅಧಿನಿಯಮ, 1960ರ ಅಡಿಯಲ್ಲಿ ಅಪರಾಧವಾಗಿರುತ್ತದೆ. ಬೀದಿನಾಯಿಗಳ ಸಂತಾನ ನಿಯಂತ್ರಣ ಮತ್ತು ಲಸಿಕೆ, 2023ರ ನಿಯಮಗಳ ಪ್ರಕಾರ, ಸ್ಥಳೀಯ ಸಂಸ್ಥೆಗಳ ಹೊಣೆ.

6. ವೆಚ್ಚವನ್ನು ಮಿತಿಯಲ್ಲಿಡುವ ಕ್ರಮಗಳು

• ಮರಿ ತರುವ ಮುನ್ನವೇ ಆಹಾರ, ಲಸಿಕೆ ಹಾಗೂ ಶಸ್ತ್ರಚಿಕಿತ್ಸೆಯ ಮೊದಲ ವರ್ಷದ ಖರ್ಚನ್ನು ಲೆಕ್ಕ ಹಾಕುವುದು. ದಟ್ಟ ರೋಮದ ವಿದೇಶೀ ತಳಿಗಳಿಗೆ ಕರಾವಳಿಯ ಸೆಖೆ ಮತ್ತು ತೇವದಿಂದ ಚರ್ಮರೋಗ ಬೇಗನೆ ಬರುತ್ತದೆ. ಊರ ನಾಯಿ ಈ ಹವೆಗೆ ಹೊಂದಿಕೊಂಡಿರುತ್ತದೆ.
• ವಾರಕ್ಕೆ 50 ರೂಪಾಯಿ ತೆಗೆದಿರಿಸಿದಲ್ಲಿ ವರ್ಷಕ್ಕೆ 2,600 ರೂಪಾಯಿ ಆಗುತ್ತದೆ. ಸಂಘದ ವಾರದ ಉಳಿತಾಯ ರೂಢಿಯಿರುವ ಮನೆಗಳಿಗೆ ಇದು ಕಷ್ಟವಲ್ಲ. ಈ ಹಣವನ್ನು ತುರ್ತು ಸಂದರ್ಭಕ್ಕೆ ಮಾತ್ರ ಬಳಸುವುದು.
• ನೆರೆಹೊರೆಯ ನಾಲ್ಕಾರು ಮನೆಯವರು ಒಂದೇ ದಿನ ಲಸಿಕೆ ಹಾಕಿಸಲು ವೈದ್ಯರನ್ನು ಕರೆಸಿದಲ್ಲಿ ಪ್ರಯಾಣದ ಖರ್ಚನ್ನು ಹಂಚಿಕೊಳ್ಳಬಹುದು.
• ಲಸಿಕೆ ಪುಸ್ತಕ, ಹಳೆಯ ಚೀಟಿ ಮತ್ತು ವರದಿಗಳನ್ನು ಒಂದೇ ಕಡೆ ಇಡುವುದು. ಇವಿಲ್ಲದಿದ್ದಲ್ಲಿ ಹೊಸ ವೈದ್ಯರು ಪರೀಕ್ಷೆಗಳನ್ನು ಮತ್ತೆ ಮಾಡಿಸಬೇಕಾಗುತ್ತದೆ.
• ಕಡಿಮೆ ಬೆಲೆಯ ಪರ್ಯಾಯ ಔಷಧಿ ಇದೆಯೇ ಎಂದು ವೈದ್ಯರಲ್ಲಿಯೇ ಕೇಳುವುದು. ಅಂಗಡಿಯವರ ಮಾತಿನ ಮೇಲೆ ಔಷಧಿ ಬದಲಿಸಬಾರದು. ಜೀವನಿರೋಧಕಗಳನ್ನು ಅರ್ಧಕ್ಕೆ ನಿಲ್ಲಿಸಬಾರದು.
• ಕೆಲವು ಸಾಮಾನ್ಯ ವಿಮಾ ಕಂಪನಿಗಳಲ್ಲಿ ನಾಯಿಗಳಿಗೆ ವಿಮೆ ಲಭ್ಯವಿದೆ. ವಯಸ್ಸಿನ ಮಿತಿ, ಲಸಿಕೆಯ ದಾಖಲೆ ಹಾಗೂ ಚಿಕಿತ್ಸಾ ವೆಚ್ಚ ಸೇರಿದೆಯೇ ಎಂಬುದನ್ನು ಓದಿ ತಿಳಿದ ನಂತರವೇ ಕಂತು ಕಟ್ಟುವುದು.

ಹಣದ ಅಡಚಣೆ ಇದ್ದಲ್ಲಿ ಅದನ್ನು ಮುಚ್ಚಿಡದೆ ಮೊದಲ ಭೇಟಿಯಲ್ಲಿಯೇ ವೈದ್ಯರಿಗೆ ತಿಳಿಸುವುದು. ಯಾವ ಪರೀಕ್ಷೆ ಇಂದೇ ಆಗಬೇಕು, ಯಾವುದನ್ನು ಮುಂದೂಡಬಹುದು ಎಂದು ಅವರು ವಿಂಗಡಿಸಬಲ್ಲರು. ಅರ್ಧ ಚಿಕಿತ್ಸೆ ಮಾಡಿಸಿ ಬಿಡುವುದಕ್ಕಿಂತ, ಸರಳವಾದ ಚಿಕಿತ್ಸೆಯನ್ನು ಪೂರ್ಣವಾಗಿ ಮಾಡಿಸುವುದು ಮೇಲು.

7. ಉಳಿತಾಯದ ಹೆಸರಿನಲ್ಲಿ ಮಾಡಬಾರದ ಕೆಲಸಗಳು

• ಮನುಷ್ಯರ ಮಾತ್ರೆಗಳನ್ನು ನೀಡಬಾರದು. ಪ್ಯಾರಾಸಿಟಮಾಲ್ ಬೆಕ್ಕುಗಳಿಗೆ ಪ್ರಾಣಾಂತಕ. ನೋವು ನಿವಾರಕಗಳಾದ ಐಬುಪ್ರೊಫೆನ್ ಮತ್ತು ಡೈಕ್ಲೋಫೆನಾಕ್‌ಗಳಿಂದ ನಾಯಿಗಳ ಹೊಟ್ಟೆಯಲ್ಲಿ ಹುಣ್ಣಾಗಿ ಮೂತ್ರಪಿಂಡ ಕೆಡುತ್ತದೆ.
• ಹಾವು ಕಚ್ಚಿದಾಗ ಕಟ್ಟು ಬಿಗಿಯುವುದು, ಗಾಯ ಕೊಯ್ಯುವುದು, ಬೇರು ಅರೆದು ಕುಡಿಸುವುದು ಇತ್ಯಾದಿಗಳಲ್ಲಿ ಕಾಲಹರಣ ಮಾಡಬಾರದು. ಪ್ರಾಣಿಯನ್ನು ನಡೆಸದೆ, ಎತ್ತಿಕೊಂಡು ವೈದ್ಯರಲ್ಲಿಗೆ ಒಯ್ಯುವುದು. ಪ್ರತಿವಿಷ ಲಭ್ಯವಿದೆಯೇ ಎಂದು ದಾರಿಯಲ್ಲಿಯೇ ದೂರವಾಣಿ ಮಾಡಿ ತಿಳಿಯುವುದು.
• ಇಲಿ ಪಾಷಾಣ, ಕೀಟನಾಶಕ ಮತ್ತು ಮೈಲುತುತ್ತವನ್ನು ನಾಯಿಗೆ ಎಟಕುವಂತೆ ಇಡಬಾರದು. ತಿಂದ ಸಂಶಯವಿದ್ದಲ್ಲಿ ಅದರ ಪೊಟ್ಟಣವನ್ನೂ ಜೊತೆಗೆ ಕೊಂಡೊಯ್ಯುವುದು.
• ಚಿರತೆಯ ಓಡಾಟವಿರುವ ಘಟ್ಟದ ಬುಡದ ಗ್ರಾಮಗಳಲ್ಲಿ ರಾತ್ರಿ ನಾಯಿಯನ್ನು ಅಂಗಳದಲ್ಲಿ ಕಟ್ಟಿಹಾಕಬಾರದು, ಭದ್ರವಾದ ಗೂಡಿನಲ್ಲಿಡುವುದು.

8. ತಡಮಾಡಬಾರದ ಸಂದರ್ಭಗಳು

ಉಸಿರಾಟದ ತೊಂದರೆ, ಐದು ನಿಮಿಷಕ್ಕೂ ಮೀರಿದ ಅಪಸ್ಮಾರ, ಹೊಟ್ಟೆ ಉಬ್ಬರ, ರಕ್ತಭೇದಿ, ವಿಷಪ್ರಾಶನ, ಹಾವು ಕಡಿತ, ವಾಹನ ಅಪಘಾತ, ಗಂಡು ಬೆಕ್ಕಿಗೆ ಮೂತ್ರ ಕಟ್ಟುವುದು, ಮರಿ ಹಾಕಲಾಗದೆ ದೀರ್ಘಕಾಲ ತಿಣುಕುವುದು: ಇಂತಹ ಸಂದರ್ಭಗಳಲ್ಲಿ ಮರುದಿನದವರೆಗೆ ಕಾಯಬಾರದು. ಕಾರಣವಿಲ್ಲದೆ ಸ್ವಭಾವ ಬದಲಾಗಿ, ಜೊಲ್ಲು ಸುರಿಸುತ್ತಾ, ನುಂಗಲಾರದೆ ಇರುವ ನಾಯಿಯ ಬಾಯಿಗೆ, ಗಂಟಲಲ್ಲಿ ಎಲುಬು ಸಿಕ್ಕಿರಬಹುದೆಂದು ಕೈ ಹಾಕಬಾರದು. ಇದು ರೇಬೀಸ್‌ನ ಲಕ್ಷಣವಿರಬಹುದು.

9. ಗುಣವಾಗದ ರೋಗ ಮತ್ತು ದಯಾಮರಣ

ಗುಣವಾಗುವ ಸಾಧ್ಯತೆಯಿಲ್ಲದೆ ಪ್ರಾಣಿಯು ನರಳುತ್ತಿರುವಾಗ ಚಿಕಿತ್ಸೆ ಮುಂದುವರಿಸುವುದೇ ಬೇಡವೇ ಎಂಬುದು ಕುಟುಂಬಕ್ಕೆ ಕಠಿಣವಾದ ನಿರ್ಧಾರ. ಇನ್ನೆಷ್ಟು ದಿನ, ಎಷ್ಟು ನೋವು, ಎಷ್ಟು ವೆಚ್ಚ ಎಂಬ ಮೂರನ್ನೂ ವೈದ್ಯರಲ್ಲಿ ನೇರವಾಗಿ ಕೇಳಬಹುದು. ದಯಾಮರಣವನ್ನು ಪಶುವೈದ್ಯರೇ ನೋವಿಲ್ಲದ ವಿಧಾನದಿಂದ ನೆರವೇರಿಸತಕ್ಕದ್ದು. ಪ್ರಾಣಿಯನ್ನು ಕಾಡಿನಂಚಿನಲ್ಲಿ ಬಿಟ್ಟುಬರುವುದು ಅಥವಾ ವಿಷ ಹಾಕುವುದು ಅಪರಾಧ. ಮೃತ ಪ್ರಾಣಿಯನ್ನು ಬಾವಿ ಮತ್ತು ತೋಡಿನಿಂದ ದೂರದಲ್ಲಿ ಆಳವಾಗಿ ಹೂಳುವುದು.

10. ದೂರು ಸಲ್ಲಿಕೆ

ಸರ್ಕಾರಿ ಸಂಸ್ಥೆಗಳ ಸೇವೆಯ ಬಗ್ಗೆ ತಾಲ್ಲೂಕಿನ ಸಹಾಯಕ ನಿರ್ದೇಶಕರಿಗೆ, ತದನಂತರ ಮಂಗಳೂರಿನ ಉಪನಿರ್ದೇಶಕರಿಗೆ ಲಿಖಿತ ದೂರು ನೀಡಬಹುದು. ವೃತ್ತಿ ದುರ್ನಡತೆ ಹಾಗೂ ನಕಲಿ ವೈದ್ಯರ ಕುರಿತು ಕರ್ನಾಟಕ ಪಶುವೈದ್ಯ ಪರಿಷತ್ತಿಗೆ ತಿಳಿಸಬಹುದು. ಶುಲ್ಕ ಪಡೆದು ನೀಡಿದ ಸೇವೆಯಲ್ಲಿನ ನ್ಯೂನತೆಗೆ ಜಿಲ್ಲಾ ಗ್ರಾಹಕರ ಆಯೋಗವನ್ನು ಸಂಪರ್ಕಿಸಬಹುದು. ಚೀಟಿ ಮತ್ತು ರಸೀದಿಗಳೇ ಇದಕ್ಕೆ ಆಧಾರವಾಗಿರುವುದರಿಂದ ಅವುಗಳನ್ನು ಜೋಪಾನವಾಗಿಡುವುದು.

ಹೆಚ್ಚಿನ ಮಾಹಿತಿಗಾಗಿ ಸಮೀಪದ ಪಶು ಆಸ್ಪತ್ರೆಯ ಪಶುವೈದ್ಯಾಧಿಕಾರಿಗಳನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಲು ಕೋರಲಾಗಿದೆ.